ಸೋಜು ಬಾಟಲಿಯಲ್ಲಿ ಎಳ್ಳೆಣ್ಣೆ

ತಿಪಟೂರಿನ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ: "ಕಳೆದ ಸಂಚಿಕೆಯಲ್ಲಿ ದಕ್ಷಿಣ ಕೊರಿಯಾದ ಬಗ್ಗೆ 12 ಪುಟ ಬರೆದಿರಿ. ಎಲ್ಲಾ ದೊಡ್ಡ ದೊಡ್ಡ ಕಂಪನಿಗಳ ಕಥೆಯೇ. ನನ್ನ ಮಗಳು ಎರಡು ವರ್ಷದಿಂದ ಅಲ್ಲಿನ ಸುವೊನ್ ಊರಲ್ಲಿ ಕೆಲಸದಲ್ಲಿದ್ದಾಳೆ. ಮೊನ್ನೆ ರಜೆಗೆ ಬಂದವಳು ಹಸಿರು ಸಾರಾಯಿ ಬಾಟಲಿಯೊಂದನ್ನು ತಂದು ಅಡುಗೆಮನೆಯಲ್ಲಿ ಇಟ್ಟಳು. ನನಗೆ ಗಾಬರಿ. ನೋಡಿದರೆ ಒಳಗೆ ಎಳ್ಳೆಣ್ಣೆ! ಓಣಿಯ ಗಿರಣಿ ಅಜ್ಜಿ ಕೊಟ್ಟಿದ್ದಂತೆ. ಅಷ್ಟು ಮುಂದುವರಿದ ದೇಶದಲ್ಲೂ ಇಂಥ ಅಂಗಡಿಗಳು ಇವೆಯಾ? ಇವೆ, ಆದರೆ ಒಂದೊಂದೇ ಮುಚ್ಚುತ್ತಿವೆ ಅನ್ನುತ್ತಾಳೆ ಮಗಳು. ನಮ್ಮದೂ 31 ವರ್ಷದ ಕಿರಾಣಿ ಅಂಗಡಿ. ಅದಕ್ಕೇ ಕೇಳುತ್ತಿದ್ದೇನೆ, ಅಲ್ಲಿ ಅಂಗಡಿಯವರು ಹೇಗೆ ಬದುಕುತ್ತಿದ್ದಾರೆ? ಅವರ ಬಗ್ಗೆ ನೀವು ಒಂದು ಸಾಲೂ ಯಾಕೆ ಬರೆಯಲಿಲ್ಲ?"

ಅಮ್ಮಾ, ನಿಮ್ಮ ಆಕ್ಷೇಪಣೆ ಸರಿಯಾಗಿದೆ. ಹಡಗು, ಕಾರು, ಫೋನು ಎಲ್ಲದರ ಬಗ್ಗೆ ಬರೆದೆವು. ಅವನ್ನು ತಯಾರಿಸುವ ಜನ ಸಂಜೆ ಮನೆಗೆ ಹೋಗುವಾಗ ಮೊಟ್ಟೆ, ಸೋಪು ಎಲ್ಲಿ ಕೊಳ್ಳುತ್ತಾರೆ ಅಂತ ಬರೆಯಲಿಲ್ಲ. ಆ ದೇಶದಲ್ಲಿ ದುಡಿಯುವವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಅಂಗಡಿ, ಹೋಟೆಲು, ಸಣ್ಣ ವ್ಯಾಪಾರದಂಥ ಸ್ವಂತ ದುಡಿಮೆ ನಂಬಿಕೊಂಡವರು. ಅವರನ್ನು ಬಿಟ್ಟು ಕೊರಿಯಾದ ಕಥೆ ಹೇಳಿದ್ದು ತಪ್ಪು. ಕೆಲವು ವರ್ಷದ ಹಿಂದೆ ನಾನು ಅಲ್ಲಿ ಮೂರು ವಾರ ಇದ್ದೆ. ನೋಡಿದ್ದನ್ನೂ ತಿಳಿದಿದ್ದನ್ನೂ ಸೇರಿಸಿ ಬರೆಯುತ್ತೇನೆ.

ಮೊದಲು ಆ ಬಾಟಲಿ ವಿಷಯ. ಅದು ಸೋಜು ಬಾಟಲಿ. ಸೋಜು ಅಂದರೆ ಅಲ್ಲಿನ ಮದ್ಯ. ಕಂಪನಿಗಳು ಬೇರೆ ಬೇರೆಯಾದರೂ 2009ರಿಂದ ಹೆಚ್ಚಿನವು ಒಂದೇ ಆಕಾರದ ಹಸಿರು ಬಾಟಲಿ ಬಳಸಲು ಒಪ್ಪಿಕೊಂಡವು. 360 ಮಿಲಿಲೀಟರ್. ಖಾಲಿ ಬಾಟಲಿ ಅಂಗಡಿಗೆ ವಾಪಸ್ ಕೊಟ್ಟರೆ 100 ವಾನ್ (ವಾನ್ ಅಂದರೆ ಅಲ್ಲಿನ ಹಣ) ಸಿಗುತ್ತದೆ, ಸ್ವಲ್ಪ ದೊಡ್ಡದಾದ ಬಿಯರ್ ಬಾಟಲಿಗೆ 130. 2017ಕ್ಕೆ ಮುಂಚೆ 40, 50 ವಾನ್ ಇತ್ತು. ಒಂದು ಕಾಲಕ್ಕೆ ಮಕ್ಕಳು ಮನೆಯ ಖಾಲಿ ಬಾಟಲಿ ಹೊತ್ತುಕೊಂಡು ಹೋಗಿ ಮಿಠಾಯಿ ತಿನ್ನುತ್ತಿದ್ದರು. ಗಿರಣಿಯವರಿಗೆ ಆ ಬಾಟಲಿ ಬಹಳ ಅನುಕೂಲ. ಎಲ್ಲರ ಮನೆಯಲ್ಲೂ ಇರುತ್ತದೆ, ಗಟ್ಟಿಯಾಗಿರುತ್ತದೆ, ಅಳತೆಯೂ ಆಯಿತು. ತೊಳೆದು ಒಣಗಿಸಿ ಎಣ್ಣೆ ತುಂಬಿಸಿ ಮುಚ್ಚಳ ಬಿಗಿದರೆ ಮುಗಿಯಿತು. ಮಗಳು ತಂದಿದ್ದರಲ್ಲಿ ತಪ್ಪೇನಿಲ್ಲ. ನಿಜ ಹೇಳಬೇಕೆಂದರೆ ಅಲ್ಲಿನ ಅಮ್ಮಂದಿರು ಸೂಪರ್‌ಮಾರ್ಕೆಟ್‌ನ ಚೆಂದದ ಸೀಸೆಗಿಂತ ಈ ಬಾಟಲಿಯನ್ನೇ ಜಾಸ್ತಿ ನಂಬುತ್ತಾರೆ.

ಗಿರಣಿಗೆ ಅವರು ಬಾಂಗಾತ್‌ಗಾನ್ ಅನ್ನುತ್ತಾರೆ. ಮೊದಲು ಭತ್ತ ಕುಟ್ಟುವ ಜಾಗ. ಈಗ ಅಕ್ಕಿ ಹಿಟ್ಟು, ಒಣಮೆಣಸಿನಕಾಯಿ ಪುಡಿ, ಎಳ್ಳೆಣ್ಣೆ ಎಲ್ಲ ಅಲ್ಲೇ. ನಾನು ಉಳಿದುಕೊಂಡಿದ್ದ ರಾಜಧಾನಿ ಸೋಲ್‌ನ ಓಣಿಯಲ್ಲಿ ಗಂಡ ಹೆಂಡತಿ ನಡೆಸುತ್ತಿದ್ದ ಗಿರಣಿಯೊಂದಿತ್ತು. ಬೆಳಿಗ್ಗೆ ಎಳ್ಳು ಹುರಿಯಲು ಶುರು ಮಾಡಿದರೆ ಇಡೀ ಓಣಿ ಘಮ್ಮೆನ್ನುತ್ತಿತ್ತು. ಗಿರಾಕಿಗಳು ತಮ್ಮ ಎಳ್ಳನ್ನು ತಾವೇ ತರುತ್ತಿದ್ದರು. ಒಬ್ಬರು ಅಜ್ಜಿ ಚೀಲ ಕೊಟ್ಟವರು ಅಲ್ಲೇ ಕುಳ್ಳ ಸ್ಟೂಲಿನ ಮೇಲೆ ಕೂತುಬಿಟ್ಟರು. ಹುರಿಯುವ ಡ್ರಮ್ಮಿನಿಂದ ಕಣ್ಣು ತೆಗೆಯಲೇ ಇಲ್ಲ. ತನ್ನ ಎಳ್ಳು ಇನ್ನೊಬ್ಬರ ಎಳ್ಳಿನ ಜೊತೆ ಬೆರೆಯಬಾರದು ನೋಡಿ! ಹುರಿದ ಎಳ್ಳನ್ನು ಬಟ್ಟೆಯಲ್ಲಿ ಸುತ್ತಿ ಯಂತ್ರಕ್ಕೆ ಹಾಕಿ ಒತ್ತಿದರು. ಕಂದು ಎಣ್ಣೆ ನೂಲಿನ ಎಳೆಯ ಹಾಗೆ ಇಳಿಯಿತು. ಐದು ಬಾಟಲಿ ತುಂಬಿತು, ಆರನೆಯದು ಅರ್ಧಕ್ಕೆ ನಿಂತಿತು. ಯಜಮಾನಿ ಒಳಗೆ ಹೋಗಿ ತಮ್ಮದೇ ಎಣ್ಣೆ ತಂದು ಆ ಅರ್ಧವನ್ನು ಭರ್ತಿ ಮಾಡಿ ಕೊಟ್ಟರು. ಅಜ್ಜಿ ಬೇಡ ಬೇಡ ಅನ್ನುತ್ತಲೇ ತೆಗೆದುಕೊಂಡರು.

ಹಾಗೆ ಮೇಲೆ ಹಾಕಿ ಕೊಡುವುದಕ್ಕೆ ಅವರು 'ದೊಮ್' ಅನ್ನುತ್ತಾರೆ. ನಾವು ಕೊಸರು ಅಂತೀವಲ್ಲ, ಅಕ್ಷರಶಃ ಅದೇ. ಕೊರಿಯಾದ ಸಂತೆಗಳಲ್ಲಿ ಕೊಸರಿಲ್ಲದೆ ಸೊಪ್ಪು ಕೊಂಡರೆ ವ್ಯಾಪಾರ ಪೂರ್ತಿಯಾದಂತೆ ಅನ್ನಿಸುವುದಿಲ್ಲ. ಗಿರಣಿಯ ಬಗ್ಗೆ ಒಂದು ಗಾದೆಯೂ ಇದೆ: ಗುಬ್ಬಚ್ಚಿ ಗಿರಣಿಯನ್ನು ಸುಮ್ನೆ ದಾಟಿ ಹೋದೀತೇ? ಹೊಸ ವರ್ಷದ ಸೊಲ್ಲಾಲ್ ಹಬ್ಬ ಬಂತೆಂದರೆ ಉದ್ದನೆಯ ಅಕ್ಕಿ ಕಡುಬಿಗಾಗಿ ಗಿರಣಿ ಮುಂದೆ ಪಾತ್ರೆಗಳ ಸಾಲು. ಆ ಕಡುಬನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಸಾರಿಗೆ ಹಾಕಿ ತಿಂದರೆ ಒಂದು ವರ್ಷ ವಯಸ್ಸಾಯಿತು ಅಂತ ಲೆಕ್ಕ.

ಇನ್ನು ನಿಮ್ಮಂಥ ಕಿರಾಣಿ ಅಂಗಡಿ. ಅದಕ್ಕೆ ಅವರ ಭಾಷೆಯಲ್ಲಿ ಗುಮೊಂಗ್ ಗಗೆ ಅನ್ನುತ್ತಾರೆ. ಗುಮೊಂಗ್ ಅಂದರೆ ತೂತು, ಗಗೆ ಅಂದರೆ ಅಂಗಡಿ. ಗೋಡೆಯಲ್ಲಿ ತೂತು ಕೊರೆದ ಹಾಗಿರುವ ಅಂಗಡಿ. ನಮ್ಮ ಗೂಡಂಗಡಿಗೆ ಹತ್ತಿರದ ಮಾತು. ಬೋರ್ಡಿನ ಮೇಲೆ ಮಾತ್ರ 'ಸೂಪರ್' ಅಂತ ಇರುತ್ತದೆ, ಒಳಗೆ ಇಬ್ಬರು ಒಟ್ಟಿಗೆ ತಿರುಗಲು ಜಾಗ ಇರದಿದ್ದರೂ. ಬಾಗಿಲ ಪಕ್ಕ ಐಸ್‌ಕ್ರೀಮ್ ಪೆಟ್ಟಿಗೆ. ಮೇಲೆ 'ತಂಬಾಕು' ಅನ್ನುವ ಫಲಕ. ಅಂಗಡಿಯ ಹಿಂಭಾಗದಲ್ಲೇ ಒಂದು ಸಣ್ಣ ಕೋಣೆ. ಚಳಿಗಾಲದಲ್ಲಿ ಅದರ ನೆಲ ಬೆಚ್ಚಗಿರುತ್ತದೆ. ಯಜಮಾನಿ ಅಲ್ಲೇ ಟಿ.ವಿ. ನೋಡುತ್ತಾ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿರುತ್ತಾರೆ. ನೀವು ಒಳಗೆ ಹೋಗಿ "ಗೆಸೆಯೊ?" ಅನ್ನಬೇಕು. ಯಾರಾದರೂ ಇದ್ದೀರಾ ಅಂತ. ಜಾರುಬಾಗಿಲು ಸರಿಯುತ್ತದೆ, ಚಪ್ಪಲಿ ಮೆಟ್ಟಿಕೊಂಡು ಅವರು ಇಳಿದು ಬರುತ್ತಾರೆ. ಅಂಗಡಿಗೆ ಹೋದ ಹಾಗಲ್ಲ, ಒಬ್ಬರ ಮನೆಗೆ ಹೋದ ಹಾಗೆ.

ಹೊರಗೆ ಗಿಡ್ಡ ಕಾಲಿನ ಅಗಲವಾದ ಮರದ ಕಟ್ಟೆ. ಪ್ಯೊಂಗ್‌ಸಾಂಗ್ ಅಂತ ಅದರ ಹೆಸರು. ನಮ್ಮ ಜಗಲಿಯ ಕೆಲಸವನ್ನೆಲ್ಲ ಅದು ಮಾಡುತ್ತದೆ. ಸೊಪ್ಪು ಸೋಸುವುದು ಅಲ್ಲೇ, ಹರಟೆ ಅಲ್ಲೇ, ಸ್ಕೂಲಿನಿಂದ ಬಂದ ಮಗು ಅಮ್ಮ ಬರುವವರೆಗೆ ಕಾಯುವುದೂ ಅಲ್ಲೇ. ಮನೆ ಕೀಲಿ ಬಿಟ್ಟುಹೋಗುವುದು, ಪಾರ್ಸೆಲ್ ತೆಗೆದಿಡಿ ಅನ್ನುವುದು ಎಲ್ಲ ಇತ್ತು. ಅಂಗಡಿಯಾಕೆಯನ್ನು 'ಇಮೊ' ಅಂತ ಕರೆಯುವುದು ಅಲ್ಲಿನ ವಾಡಿಕೆ. ಇಮೊ ಅಂದರೆ ದೊಡ್ಡಮ್ಮ ಅಥವಾ ಚಿಕ್ಕಮ್ಮ, ಅಮ್ಮನ ಅಕ್ಕ ತಂಗಿ. ನಿಮ್ಮ ಮಗಳೂ ಹಾಗೇ ಕರೆಯುತ್ತಿರಬಹುದು.

ಬರೆಸಿ ಹೋಗುವ ಗಿರಾಕಿಗಳೂ ಇದ್ದರು. ಅದಕ್ಕೊಂದು ಪುಸ್ತಕ, ಸಂಬಳದ ದಿನ ಲೆಕ್ಕ ಚುಕ್ತಾ. 'ಬರ್ಕೊಳ್ಳಿ' ಅನ್ನುವ ಮಾತಿನ ಭಾರ ನಿಮಗೆ ನಾನು ಹೇಳಬೇಕಾಗಿಲ್ಲ. ಸಾಲಕ್ಕೆ ಸಿಗುವುದಾದರೆ ದನವನ್ನೂ ಕಡಿದು ತಿಂದಾರು ಅನ್ನುವ ಗಾದೆ ಅವರಲ್ಲೂ ಇದೆ. 'ಸಾಲ ಇಲ್ಲ' ಅಂತ ಗೋಡೆಗೆ ಅಂಟಿಸಿದ ಚೀಟಿಯೂ ಇರುತ್ತಿತ್ತು. ಅದರ ಕೆಳಗೇ ಕೂತು ಬರೆದುಕೊಳ್ಳುವವರೂ ಇದ್ದರು.

ಕಲಾವಿದೆ ಲೀ ಮಿ-ಗ್ಯೊಂಗ್ 1997ರಿಂದ ದೇಶ ಸುತ್ತಿ ಇಂಥ ಅಂಗಡಿಗಳನ್ನೇ ಸಣ್ಣ ಲೇಖನಿ ಗೆರೆಗಳಲ್ಲಿ ಬಿಡಿಸುತ್ತಾ ಬಂದಿದ್ದಾರೆ. ಅವರ ಚಿತ್ರಗಳಲ್ಲಿ ಅಂಗಡಿ ಪಕ್ಕ ಸಾಮಾನ್ಯವಾಗಿ ಒಂದು ಮರ ಇರುತ್ತದೆ, ಹೂ ಬಿಟ್ಟಿರುತ್ತದೆ. ಮನುಷ್ಯರು ಮಾತ್ರ ಕಾಣುವುದಿಲ್ಲ. ಆದರೂ ಬಾಗಿಲ ಹಿಂದೆ ಯಾರೋ ಇದ್ದಾರೆ ಅಂತಲೇ ಅನ್ನಿಸುತ್ತದೆ.

ಮುಚ್ಚಿಹೋಗುತ್ತಿವೆ ಅಂತ ಮಗಳು ಹೇಳಿದ್ದು ನಿಜ. 1993ರಲ್ಲಿ ಸೋಲ್‌ನ ಚಾಂಗ್-ದೊಂಗ್‌ನಲ್ಲಿ ಇ-ಮಾರ್ಟ್ ಅನ್ನುವ ದೊಡ್ಡ ಸೂಪರ್‌ಮಾರ್ಕೆಟ್ ಕಂಪನಿಯ ಮೊದಲ ಮಳಿಗೆ ತೆರೆಯಿತು. ಆಮೇಲೆ ವಿದೇಶಿ ಕಂಪನಿಗಳು ಬಂದವು. ವಾಲ್‌ಮಾರ್ಟ್, ಕಾರ್ಫೂ ಎರಡೂ ಅಲ್ಲಿ ನಿಲ್ಲಲಾಗದೆ 2006ರಲ್ಲಿ ವಾಪಸ್ ಹೋದವು. ಹಾಗಂತ ಸಣ್ಣ ಅಂಗಡಿ ಗೆದ್ದಿತು ಅಂತಲ್ಲ. ಗೆದ್ದಿದ್ದು ಅಲ್ಲಿನದೇ ದೊಡ್ಡ ಮಾರ್ಟ್‌ಗಳು. ಅವು ಓಣಿ ಓಣಿಗೂ ಮರಿ ಸೂಪರ್‌ಮಾರ್ಕೆಟ್ ಇಡತೊಡಗಿದಾಗ ಅಂಗಡಿಯವರು ಬೀದಿಗಿಳಿದರು. ಮೊದಲು ಗಟ್ಟಿಯಾಗಿ ಮಾತಾಡಿದ್ದು ಜೊಂಜು ನಗರಸಭೆ. ದೊಡ್ಡ ಮಾರ್ಟ್‌ಗಳು ತಿಂಗಳಿಗೆ ಎರಡು ದಿನ ಬಾಗಿಲು ಹಾಕಲೇಬೇಕು ಅಂತ 2012ರಲ್ಲಿ ನಿಯಮ ಮಾಡಿತು. ಬೇರೆ ಊರುಗಳೂ ಹಿಂಬಾಲಿಸಿದವು. ಹೆಚ್ಚಿನ ಕಡೆ ಎರಡನೇ ಮತ್ತು ನಾಲ್ಕನೇ ಭಾನುವಾರ. ಕಂಪನಿಗಳು ಕೋರ್ಟಿಗೆ ಹೋದವು. 2018ರಲ್ಲಿ ಸಂವಿಧಾನ ನ್ಯಾಯಾಲಯ ನಿಯಮ ಸರಿ ಅಂದಿತು. ಈಗ ಅದು ಸಡಿಲವಾಗುತ್ತಿದೆ. 2023ರಲ್ಲಿ ದೇಗು ನಗರ ರಜೆಯನ್ನು ಭಾನುವಾರದಿಂದ ಸೋಮವಾರಕ್ಕೆ ತಳ್ಳಿತು. ನನಗಂತೂ ಇದು ಬೇಸರದ ವಿಷಯ. ಭಾನುವಾರ ಬಿಟ್ಟು ಸೋಮವಾರ ಮಾರ್ಟ್ ಮುಚ್ಚಿದರೆ ಸಣ್ಣ ಅಂಗಡಿಗೆ ಯಾವ ಗಿರಾಕಿ ಬರುತ್ತಾರೆ? ಸರ್ಕಾರವೂ 2010ರಿಂದ 'ನಾದುಲ್ ಗಗೆ' ಅಂತ ಯೋಜನೆ ಮಾಡಿ ಸಾವಿರಾರು ಅಂಗಡಿಗಳಿಗೆ ಹೊಸ ಬೋರ್ಡು, ಬಿಲ್ಲಿನ ಯಂತ್ರ ಕೊಡಿಸಿತು. ಆದರೆ ಬೋರ್ಡು ಹೊಸದಾದ ಮಾತ್ರಕ್ಕೆ ಮಾರ್ಟಿನ ಸಗಟು ಬೆಲೆ ಸಿಗುವುದಿಲ್ಲವಲ್ಲ. 2014ರಲ್ಲಿ ಕೂಪಾಂಗ್ ಕಂಪನಿ ರಾತ್ರಿ ಆರ್ಡರ್ ಮಾಡಿದ್ದನ್ನು ಮರುದಿನವೇ ಮನೆಗೆ ತಂದುಕೊಡಲು ಶುರು ಮಾಡಿದ ಮೇಲಂತೂ ಸೋಪು ತರಲು ಓಣಿಗೆ ಇಳಿಯುವ ಅಗತ್ಯವೇ ಕಡಿಮೆಯಾಯಿತು.

ಈಗ ನಿಮ್ಮ ಪ್ರಶ್ನೆಯ ಕಷ್ಟದ ಭಾಗ. ಅಂಗಡಿಯವರು ಎಲ್ಲಿಗೆ ಹೋದರು?

ಬಹಳಷ್ಟು ಜನ ಎಲ್ಲಿಗೂ ಹೋಗಲಿಲ್ಲ. ಅದೇ ಮೂಲೆಯಲ್ಲಿ, ಕಂಪನಿಯ ಬೋರ್ಡಿನ ಕೆಳಗೆ ನಿಂತರು. ಮಗಳು ದಿನಾ ನೋಡುವ, ರಾತ್ರಿಯೂ ದೀಪ ಉರಿಯುವ ಆ ಅಂಗಡಿಗಳು, ಸಿಯು, ಜಿಎಸ್25, ಸೆವೆನ್-ಇಲೆವೆನ್. ಈಗಿನ ಮಾದರಿಯ ಮೊದಲ ಕನ್ವೀನಿಯನ್ಸ್ ಸ್ಟೋರ್ ಸೋಲ್‌ನಲ್ಲಿ ಶುರುವಾಗಿದ್ದು 1989ರಲ್ಲಿ. ಇವತ್ತು ದೇಶದಲ್ಲಿ 50 ಸಾವಿರಕ್ಕೂ ಜಾಸ್ತಿ ಇವೆ, ಹೆಚ್ಚುಕಡಿಮೆ ಸಾವಿರ ಜನಕ್ಕೊಂದು. ನೋಡಿದರೆ ಎಲ್ಲ ಕಂಪನಿಯದೇ ಅನ್ನಿಸುತ್ತದೆ. ಆದರೆ ಹೆಚ್ಚಿನವನ್ನು ನಡೆಸುವುದು ಗಂಡ ಹೆಂಡತಿ, ಅಪ್ಪ ಮಗ. ಹಳೆ ಕಿರಾಣಿ ಅಂಗಡಿಯನ್ನೇ ಬದಲಾಯಿಸಿಕೊಂಡವರಿದ್ದಾರೆ. 1997ರ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು, ಕೈಗೆ ಬಂದ ಹಣವನ್ನೆಲ್ಲ ಅಂಗಡಿಗೆ ಸುರಿದವರಿದ್ದಾರೆ. ಹಗಲು ಹೆಂಡತಿ, ರಾತ್ರಿ ಗಂಡ. ಆಳು ಇಟ್ಟುಕೊಳ್ಳೋಣ ಅಂದರೆ 2025ರಲ್ಲಿ ಗಂಟೆಗೆ ಕನಿಷ್ಠ ಕೂಲಿ 10,030 ವಾನ್. ವಾರಕ್ಕೆ 15 ಗಂಟೆ ದುಡಿಸಿಕೊಂಡರೆ ರಜೆ ದಿನದ ಸಂಬಳವೂ ಸೇರುತ್ತದೆ. ದುಡಿಯುವ ಹುಡುಗರಿಗೆ ಅದು ನ್ಯಾಯವೇ. ಅಂಗಡಿಯವರ ಕೈಲಿ ಮಾತ್ರ ಅಷ್ಟು ಉಳಿಯುವುದಿಲ್ಲ. ಲಾಭದಲ್ಲಿ ಒಂದು ಪಾಲು ಕಂಪನಿಗೆ ಹೋಗುತ್ತದೆ. ಮೊದಲು 24 ಗಂಟೆ ತೆರೆದಿರಲೇಬೇಕು ಅನ್ನುವ ಕರಾರಿತ್ತು. 2013ರಲ್ಲಿ ಕಾನೂನು ತಿದ್ದಿದ ಮೇಲೆ, ರಾತ್ರಿ ನಷ್ಟವಾಗುವ ಅಂಗಡಿಗೆ ಬಾಗಿಲು ಹಾಕುವ ಅವಕಾಶ ಸಿಕ್ಕಿತು.

ನಾನಿದ್ದ ಓಣಿಯ ತಿರುವಿನಲ್ಲೂ ಇಂಥದ್ದೊಂದಿತ್ತು. ಯಜಮಾನರಿಗೆ ಅರವತ್ತು ದಾಟಿತ್ತು. ಮೊದಲು ಅದೇ ಜಾಗದಲ್ಲಿ ಅವರ ಅಮ್ಮನ ಅಂಗಡಿ. ಏನು ಬದಲಾಯಿತು ಅಂತ ಕೇಳಿದೆ. ನನ್ನ ಗೆಳೆಯ ಅನುವಾದ ಮಾಡಿ ಹೇಳಿದ: ಅಮ್ಮನ ಕಾಲದಲ್ಲಿ ಯಾರಿಗೆ ಏನು ಬೇಕು ಅಂತ ನಾವು ಯೋಚನೆ ಮಾಡುತ್ತಿದ್ದೆವು, ಈಗ ಕಂಪ್ಯೂಟರ್ ಮಾಡುತ್ತದೆ. ಬರೆದುಕೊಳ್ಳುವ ಪುಸ್ತಕ ಇಲ್ಲ. ಕೊಸರು ಕೊಡೋಣ ಅಂದರೆ ಎಲ್ಲಕ್ಕೂ ಬಾರ್‌ಕೋಡ್. ಆದರೂ ಅವರು ಅಂಗಡಿ ಮುಂದೆ ಪ್ಲಾಸ್ಟಿಕ್ ಮೇಜು, ನಾಲ್ಕು ಕುರ್ಚಿ ಹಾಕಿದ್ದರು. ಸಂಜೆ ಅದೇ ಅಜ್ಜಂದಿರು ಬಂದು ಕೂರುತ್ತಿದ್ದರು, ಕಟ್ಟೆಯ ಮೇಲೆ ಕೂರುತ್ತಿದ್ದವರೇ. ಗಲ್ಲಾ ಪಕ್ಕದ ಪೆಟ್ಟಿಗೆಯಲ್ಲಿ ಕೆಲವು ಮನೆಗಳ ಕೀಲಿ ಇನ್ನೂ ಇತ್ತು.

ನಿಮ್ಮ ಯಜಮಾನರಿಗೆ ಒಂದು ಊರಿನ ಕಥೆ ಓದಿ ಹೇಳಿ. ಅದೇ ಜೊಂಜು. ಅಲ್ಲಿನ ಕಿರಾಣಿ ಅಂಗಡಿಗಳು ಸಂಜೆಯಾದರೆ ನಾಲ್ಕು ಮೇಜು ಹಾಕಿ ಬಿಯರ್ ಕೊಡುತ್ತವೆ. ಅಂಗಡಿ ಬಿಯರ್ ಅನ್ನುವುದನ್ನು ಸೇರಿಸಿ 'ಗಮೆಕ್' ಅನ್ನುತ್ತಾರೆ. ಜೊತೆಗೆ ಒಣಮೀನು. ಅದನ್ನು ಚೆನ್ನಾಗಿ ಜಜ್ಜಿ, ಕೆಂಡದ ಮೇಲೆ ಗರಿಗರಿಯಾಗುವ ಹಾಗೆ ಸುಟ್ಟು, ಸೋಯಾ ಸಾಸಿಗೆ ಹಸಿಮೆಣಸಿನಕಾಯಿ ಹಾಕಿದ ಚಟ್ನಿಯ ಜೊತೆ ಕೊಡುತ್ತಾರೆ. ಚಟ್ನಿ ಒಂದೊಂದು ಅಂಗಡಿಯಲ್ಲಿ ಒಂದೊಂದು ಥರ, ಗುಟ್ಟು ಬಿಡುವುದಿಲ್ಲ. ಬಾಟಲಿಯನ್ನು ಗಿರಾಕಿಯೇ ಫ್ರಿಜ್ಜಿನಿಂದ ತೆಗೆದುಕೊಳ್ಳಬೇಕು. ಕೊನೆಗೆ ಮೇಜಿನ ಮೇಲಿನ ಖಾಲಿ ಬಾಟಲಿ ಎಣಿಸಿದರೆ ಅದೇ ಬಿಲ್ಲು. ನಾನು ಹೋದ ಅಂಗಡಿಯಲ್ಲಿ ಹಿಂದಿನ ಗೋಡೆಯ ಮೇಲೆ ಸೋಪು, ಟಿಶ್ಯೂ, ನೂಡಲ್ಸ್ ಹಾಗೇ ಜೋಡಿಸಿಟ್ಟಿದ್ದವು. ಕುಡಿಯದವರೂ ಬಂದು ಮೀನು ಕಟ್ಟಿಸಿಕೊಂಡು ಹೋಗುತ್ತಿದ್ದರು. ನೀವೂ ಬಿಯರ್ ಇಡಿ ಅಂತ ನಾನು ಹೇಳುತ್ತಿಲ್ಲ. ಮಾರ್ಟ್ ಕೊಡಲಾಗದ ಒಂದೇ ಒಂದು ಪದಾರ್ಥವನ್ನು ತಮ್ಮ ಕೈಯಾರೆ ಮಾಡುವ ಅಂಗಡಿಗಳು ಅಲ್ಲಿ ಉಳಿದುಕೊಂಡಿವೆ, ಇದನ್ನು ನಾನು ಕಣ್ಣಾರೆ ಕಂಡೆ. ಗಿರಣಿ ಉಳಿದಿದ್ದೂ ಹಾಗೇ. ತಾವೇ ಪಲ್ಯ ಮಾಡಿ ಮಾರುವ ಬಂಚನ್ ಅಂಗಡಿಗಳಿಗೆ ಈಗಲೂ ಒಳ್ಳೆ ವ್ಯಾಪಾರ.

ಆದರೆ ಒಂದು ಮಾತು ಮುಚ್ಚಿಡಲಾರೆ. ಓಣಿಯ ಗಿರಣಿ ದಂಪತಿಗೆ ಇಬ್ಬರು ಮಕ್ಕಳು. ಒಬ್ಬರು ಬ್ಯಾಂಕಿನಲ್ಲಿ, ಇನ್ನೊಬ್ಬರು ಶಾಲೆಯಲ್ಲಿ. ನಿಮ್ಮ ನಂತರ ಯಾರು ಅಂತ ಕೇಳಿದ್ದಕ್ಕೆ ಆಕೆ ಕೈ ಒರೆಸಿಕೊಂಡು, ಅವರು ಇಲ್ಲಿ ನಿಲ್ಲಬಾರದು ಅಂತಲೇ ಅಲ್ವಾ ನಾವು ನಿಂತಿದ್ದು ಅಂದರು. ದುಃಖವಿರಲಿಲ್ಲ ಆ ಮಾತಿನಲ್ಲಿ, ಹೆಮ್ಮೆ ಇತ್ತು. ಅಂಗಡಿಗಳನ್ನು ಮಾರ್ಟ್ ಒಂದೇ ಮುಚ್ಚಿಸಲಿಲ್ಲ. ಅವುಗಳ ದುಡ್ಡಿನಲ್ಲಿ ಓದಿದ ಮಕ್ಕಳು ಚೆನ್ನಾಗಿ ಓದಿದರು, ಅದೂ ಒಂದು ಕಾರಣ. ನಿಮ್ಮ ಮಗಳು ಸುವೊನ್‌ನಲ್ಲಿದ್ದಾಳೆ ಅಂತ ಓದಿದಾಗ ನನಗೆ ಆ ಹೆಂಗಸಿನ ಮುಖ ನೆನಪಾಯಿತು.

ಎಣ್ಣೆಯ ಬಗ್ಗೆ ಇನ್ನೆರಡು ಮಾತು. ಅದು ಹುರಿದ ಎಳ್ಳಿನದು, ಒಗ್ಗರಣೆಗೆ ಹಾಕಬೇಡಿ, ಪರಿಮಳ ಹೋಗಿಬಿಡುತ್ತದೆ. ಬೇಯಿಸಿದ ಸೊಪ್ಪಿಗೆ, ಬಿಸಿ ಅನ್ನಕ್ಕೆ ಕೊನೆಯಲ್ಲಿ ಒಂದು ಚಮಚ ಸಾಕು. ಬಿಸಿಲು ಬೀಳದ ಜಾಗದಲ್ಲಿ ಇಡಿ. ಬಾಟಲಿ ಖಾಲಿಯಾದರೆ ಎಸೆಯಬೇಡಿ, ತೊಳೆದು ಒಣಗಿಸಿಡಿ. ಕೊಟ್ಟವರ ಪಾತ್ರೆಯನ್ನು ನಾವು ಖಾಲಿ ವಾಪಸ್ ಕಳಿಸುವುದಿಲ್ಲ. ನಿಮ್ಮದು ಕೊಬ್ಬರಿಯ ಊರು. ಮಗಳು ಹೊರಡುವಾಗ ಗಾಣದ ಕೊಬ್ಬರಿ ಎಣ್ಣೆ ತುಂಬಿಸಿ ಬಿಗಿಯಾಗಿ ಮುಚ್ಚಿ ಕೊಟ್ಟುಕಳಿಸಿ. ಸುವೊನ್‌ನ ಚಳಿಗೆ ಅದು ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತದೆ. ಬಾಟಲಿಯನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ನಿಲ್ಲಿಸಬೇಕು ಅಂತ ಗಿರಣಿ ಅಜ್ಜಿಗೆ ಹೇಳಲು ಮಗಳಿಗೆ ನೆನಪಿಸಿ.

— ಸಂಪಾದಕ