ವೇಕ್ ಕೌಂಟಿಯ ಶಾಲೆಗಳು, ಒಂದು ಮನೆಯ ಬಿಕ್ಕಟ್ಟು: ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಕುಟುಂಬದ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ, ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಬೆಂಗಳೂರಿನ ದಂಪತಿ. ತಂದೆಗೆ ತಮ್ಮ ಕಂಪನಿಯ ಒಳವರ್ಗಾವಣೆಯ ಮೇಲೆ ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ತಂತ್ರಜ್ಞಾನ ಕಂಪನಿಗಳ ಪ್ರದೇಶಕ್ಕೆ ಹೋಗುವ ಆದೇಶ ಬಂದಿತ್ತು. ಮಗಳು ಏಳನೆಯ ತರಗತಿ ಮುಗಿಸಿದ್ದಳು. ಬರುವ ಅಕ್ಟೋಬರಿಗೆ ಆರು ತುಂಬಲಿದ್ದ ಮಗ ಯುಕೆಜಿ ಮುಗಿಸಿದ್ದ. ಜುಲೈ ಕೊನೆಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಬೆಂಗಳೂರಿನ ಫ್ಲಾಟನ್ನು ಮಾರಿ, ಅಲ್ಲಿನ ವೇಕ್ ಕೌಂಟಿಯಲ್ಲಿ (ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥದು) ಶಾಲೆಗಳ ಶ್ರೇಯಾಂಕ ಪಟ್ಟಿಯಲ್ಲಿ ಹತ್ತಕ್ಕೆ ಒಂಬತ್ತು ಅಂಕ ಪಡೆದ ಶಾಲೆಯೊಂದರ ವ್ಯಾಪ್ತಿಯೊಳಗೆ ಹೋದ ಕೂಡಲೇ ಮನೆ ಕೊಳ್ಳಬೇಕೆಂಬುದು ತಂದೆಯ ಹಟ. ತಾಯಿಗೆ ಅದು ಒಪ್ಪಿಗೆಯಿರಲಿಲ್ಲ, ಆದರೆ ಏಕೆಂದು ಅವರು ಹೇಳುತ್ತಿರಲಿಲ್ಲ. ಎರಡು ತಿಂಗಳಿಂದ ಮನೆಯಲ್ಲಿ ಇದೊಂದೇ ಮಾತಾಗಿ, ಕೊನೆಗೆ ಮಾತೇ ನಿಂತುಹೋಗಿ, ಏಪ್ರಿಲ್‌ನಲ್ಲಿ ಇಬ್ಬರೂ ನನ್ನಲ್ಲಿಗೆ ಬಂದರು. ತಂದೆ ಲ್ಯಾಪ್‌ಟಾಪ್ ತೆರೆದು, ಶಾಲೆಗಳ ಅಂಕಗಳನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿದ್ದ ಪಟ್ಟಿಯನ್ನು ನನ್ನ ಮುಂದಿಟ್ಟು, "ಮೇಡಂ, ಈ ಕೌಂಟಿ ಒಳ್ಳೆಯದೋ ಅಲ್ಲವೋ, ನೀವೇ ಇವರಿಗೆ ಹೇಳಿ" ಎಂದರು.

ಇಬ್ಬರೊಂದಿಗೂ ಬೇರೆಬೇರೆಯಾಗಿ ಮಾತನಾಡಿದಾಗ ತಿಳಿದ ಸಂಗತಿಗಳು ಹೀಗಿದ್ದವು. ತಂದೆ ಹಾಸನದ ಕಡೆಯ ಒಂದು ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು. ಸಿಇಟಿಯಲ್ಲಿ ಬಂದ ಒಂದು ರ‍್ಯಾಂಕು ಅವರನ್ನು ಎಂಜಿನಿಯರಿಂಗ್ ಕಾಲೇಜಿಗೂ ಅಲ್ಲಿಂದ ಮುಂದಕ್ಕೂ ಒಯ್ದಿತ್ತು. ಅಂಥವರಿಗೆ ರ‍್ಯಾಂಕ್ ಪಟ್ಟಿಯ ಮೇಲಿನ ನಂಬಿಕೆ ಬದುಕೇ ಕಲಿಸಿಕೊಟ್ಟದ್ದು, ವಾದ ಮಾಡಿ ಅದನ್ನು ಬಿಡಿಸಲು ಬರುವುದಿಲ್ಲ. ತಾಯಿಯ ಮೌನಕ್ಕೆ ಕಾರಣ ಮಗ. ಹುಡುಗನಿಗೆ ಉಗ್ಗು ಇತ್ತು, ಒಂದು ವರ್ಷದಿಂದ ಸ್ಪೀಚ್ ಥೆರಪಿ ನಡೆಯುತ್ತಿತ್ತು, ಆದರೆ ಈಗಿನ ಶಾಲೆಗೆ ಇಬ್ಬರೂ ಅದನ್ನು ತಿಳಿಸಿರಲಿಲ್ಲ. ಅಮೆರಿಕದಲ್ಲೂ ದಾಖಲೆಗೆ ಬರುವುದು ಬೇಡ, ಹೆಸರಿಗೊಂದು ಕಳಂಕ ಅಂಟಿಕೊಳ್ಳುತ್ತದೆ, ವೀಸಾಕ್ಕೂ ತೊಡಕಾದೀತು ಎಂದು ತಂದೆ ಹೇಳಿದ್ದರು. ಒಂಬತ್ತು ಅಂಕದ ಶಾಲೆಯ ಜಾಣ ಮಕ್ಕಳ ನಡುವೆ ಮಗ ಬಾಯಿಯೇ ಬಿಡದೆ ಕುಳಿತಿರುವುದನ್ನು ತಾಯಿ ಊಹಿಸಿಕೊಂಡು ನಿದ್ದೆಗೆಟ್ಟಿದ್ದರು.

ದಂಪತಿಗೆ ನಾನು ಮೊದಲು ಹೇಳಿದ್ದು, ಕೌಂಟಿ ಒಳ್ಳೆಯದೇ ಎಂಬ ಪ್ರಶ್ನೆಗೆ ಉಪಯೋಗಕ್ಕೆ ಬರುವ ಉತ್ತರ ಇಲ್ಲವೆಂದು. ವೇಕ್ ಕೌಂಟಿಯ ಜನಸಂಖ್ಯೆ 2020ರ ಗಣತಿಯಲ್ಲೇ 11 ಲಕ್ಷ ದಾಟಿತ್ತು. ರಾಜ್ಯದ ರಾಜಧಾನಿ ರಾಲೀ ನಗರದ ಶಾಲೆಗಳನ್ನೂ ಕೌಂಟಿಯ ಶಾಲೆಗಳನ್ನೂ 1976ರಲ್ಲಿ ಒಂದುಗೂಡಿಸಿದಾಗ ಹುಟ್ಟಿದ ಅಲ್ಲಿನ ಶಾಲಾ ಜಿಲ್ಲೆ, ಅಂದರೆ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ ಘಟಕ, ಆ ರಾಜ್ಯದಲ್ಲೇ ದೊಡ್ಡದು. ಸುಮಾರು 200 ಶಾಲೆಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಕಲಿಯುತ್ತಾರೆ. ಇಷ್ಟು ದೊಡ್ಡ ವ್ಯವಸ್ಥೆಯ ಸರಾಸರಿಯಿಂದ ಇವರ ಇಬ್ಬರು ಮಕ್ಕಳ ಬಗ್ಗೆ ಏನೂ ತಿಳಿಯುವುದಿಲ್ಲ. ನಮ್ಮಲ್ಲಿ ಶುಲ್ಕ ಕಟ್ಟುವ ಶಕ್ತಿಯಿದ್ದವರು ಶಾಲೆಯನ್ನು ಆರಿಸಿಕೊಂಡು ಅದಕ್ಕೆ ತಕ್ಕ ಬಸ್ಸು ಹುಡುಕುತ್ತಾರೆ. ಅಲ್ಲಿ ಸರ್ಕಾರಿ ಶಾಲೆಗೆ ಶುಲ್ಕವಿಲ್ಲ, ಮನೆಯ ವಿಳಾಸವೇ ಶಾಲೆಯನ್ನು ನಿರ್ಧರಿಸುತ್ತದೆ. ಹಾಗಾಗಿ ತಿಳಿದುಕೊಳ್ಳಬೇಕಾದದ್ದು ಮೂರು: ಈ ವಿಳಾಸಕ್ಕೆ ನಿಜವಾಗಿ ಸಿಗುವ ಸೀಟು ಯಾವ ಶಾಲೆಯದು, ಆ ಶಾಲೆ ಇವರ ಮಕ್ಕಳಂಥ ಮಕ್ಕಳಿಗೆ ಏನು ಮಾಡುತ್ತದೆ, ಎರಡು ವರ್ಷದ ನಂತರವೂ ಅದು ಹಾಗೆಯೇ ಉಳಿಯುತ್ತದೆಯೇ.

ಮೊದಲನೆಯ ಪ್ರಶ್ನೆಯೇ ಅವರು ಎಣಿಸಿದ್ದಕ್ಕಿಂತ ಜಟಿಲವಾಗಿತ್ತು. ತಂದೆ ಗುರುತು ಮಾಡಿಕೊಂಡಿದ್ದ ಮನೆಗಳಲ್ಲಿ ಒಂದು ಕ್ಯಾರಿ ಪಟ್ಟಣದ ಅಂಚೆ ವಿಳಾಸ ಹೊಂದಿದ್ದರೂ ಇದ್ದದ್ದು ಚಾಥಮ್ ಕೌಂಟಿಯಲ್ಲಿ. ಕ್ಯಾರಿ ಪಟ್ಟಣ ವೇಕ್‌ನಿಂದ ಹೊರಕ್ಕೂ ಚಾಚಿಕೊಂಡಿದೆ, ಅಲ್ಲಿ ಶಾಲೆ ಪಟ್ಟಣದ ಹೆಸರನ್ನು ಹಿಂಬಾಲಿಸದೆ ಕೌಂಟಿಯ ಗಡಿಯನ್ನು ಹಿಂಬಾಲಿಸುತ್ತದೆ. ಪಕ್ಕದ ಆರೆಂಜ್ ಕೌಂಟಿಯಲ್ಲಂತೂ ಚಾಪೆಲ್ ಹಿಲ್ ಮತ್ತು ಕಾರ್‌ಬರೊ ಪಟ್ಟಣಗಳಿಗೆ ಪ್ರತ್ಯೇಕ ಶಾಲಾ ಜಿಲ್ಲೆಯೇ ಇರುವುದರಿಂದ ಒಂದೇ ಕೌಂಟಿಯಲ್ಲಿ ಎರಡು ಆಡಳಿತಗಳಿವೆ. ಇದಕ್ಕಿಂತ ಮುಖ್ಯವಾದದ್ದು, ವೇಕ್‌ನಲ್ಲಿ ತುಂಬಿಹೋದ ಶಾಲೆಗಳಿಗೆ ದಾಖಲಾತಿಯ ಮಿತಿ ಹಾಕುತ್ತಾರೆ. ಮಿತಿ ಜಾರಿಯಾದ ಮೇಲೆ ಅದರ ವ್ಯಾಪ್ತಿಗೆ ಹೊಸದಾಗಿ ಬಂದ ಮಗುವನ್ನು ಬೇರೆ ಶಾಲೆಗೆ ಕಳುಹಿಸಬಹುದು. ಅಂದರೆ ಒಂಬತ್ತು ಅಂಕದ ಶಾಲೆಯ ಎದುರಿಗೇ ಮನೆ ಕೊಂಡರೂ ಮಗ ಇನ್ನೊಂದು ಶಾಲೆಯ ಬಸ್ಸು ಹತ್ತುವ ಸಾಧ್ಯತೆ ಉಂಟು. ಈ ಮಾತಿಗೆ ತಂದೆ ಲ್ಯಾಪ್‌ಟಾಪ್ ಮುಚ್ಚಿದರು. ಯಾವುದೇ ಕರಾರಿಗೆ ಸಹಿ ಹಾಕುವ ಮೊದಲು ಆ ವಿಳಾಸವನ್ನು ಶಾಲಾ ಜಿಲ್ಲೆಯ ಅಧಿಕೃತ ತಾಣದಲ್ಲಿ ಹಾಕಿ ನೋಡಬೇಕು, ಮಿತಿಯ ಸಂಗತಿಯನ್ನು ಇಮೇಲ್‌ನಲ್ಲಿ ಕೇಳಿ ಉತ್ತರವನ್ನು ಇಟ್ಟುಕೊಳ್ಳಬೇಕು ಎಂದು ಸೂಚಿಸಿದೆ. ಮನೆ ಮಾರುವ ಏಜೆಂಟ್ ಶಾಲೆಯ ಬಗ್ಗೆ ಬಾಯಿಯೇ ಬಿಡುವುದಿಲ್ಲವೆಂದು ತಂದೆ ದೂರಿದರು. ಶಾಲೆಯ ಮಾತೆತ್ತಿದರೆ ಒಂದು ಜನಾಂಗದವರನ್ನು ಒಂದು ಬಡಾವಣೆಗೆ ದೂಡಿದ ಆರೋಪ ಬಂದೀತೆಂದು, 1968ರ ವಸತಿ ತಾರತಮ್ಯ ವಿರೋಧಿ ಕಾನೂನಿನ ಭಯದಿಂದ ಅಲ್ಲಿನ ಏಜೆಂಟರು ಹಾಗೆ ಹಿಂಜರಿಯುವುದು ಸಾಮಾನ್ಯ. ಇನ್ನು ವಾಟ್ಸ್‌ಆ್ಯಪ್ ಗುಂಪಿನ ಸಲಹೆಗಳ ವಿಷಯ. ಮನೆ ಕೊಂಡು ನೆಲೆಸಿದವರು ತಮ್ಮ ಶಾಲೆಯನ್ನು ಹೊಗಳದೆ ಇರುವುದು ಕಷ್ಟ, ಏಕೆಂದರೆ ಶಾಲೆಯನ್ನು ತೆಗಳಿದರೆ ತಮ್ಮ ಮನೆಯ ಬೆಲೆಯನ್ನೇ ತೆಗಳಿದಂತೆ.

ಶಾಲಾ ಪಂಚಾಂಗದ ವಿಷಯ ಇಬ್ಬರಿಗೂ ಹೊಸದು. ವೇಕ್‌ನಲ್ಲಿ ಸಾಂಪ್ರದಾಯಿಕ ಶಾಲೆಗಳ ಜೊತೆಗೆ ವರ್ಷಪೂರ್ತಿ ನಡೆಯುವ ಶಾಲೆಗಳೂ ಇವೆ. ಸಾಂಪ್ರದಾಯಿಕ ಶಾಲೆಗಳು ರಾಜ್ಯದ ಕಾನೂನಿನಂತೆ ಆಗಸ್ಟ್ ಕೊನೆಗೆ ಆರಂಭವಾಗುತ್ತವೆ. ವರ್ಷಪೂರ್ತಿ ಶಾಲೆಗಳು ಜುಲೈನಲ್ಲೇ ಶುರುವಾಗಿ, ಸಾಮಾನ್ಯವಾಗಿ ಒಂಬತ್ತು ವಾರ ಪಾಠ, ಮೂರು ವಾರ ರಜೆ ಎಂಬ ಲೆಕ್ಕದಲ್ಲಿ ನಡೆಯುತ್ತವೆ. ಮಕ್ಕಳನ್ನು ನಾಲ್ಕು ತಂಡಗಳಾಗಿ ವಿಂಗಡಿಸಿ ಸರದಿಯಂತೆ ರಜೆ ಕೊಡುವುದರಿಂದ ಒಂದೇ ಕಟ್ಟಡದಲ್ಲಿ ಹೆಚ್ಚು ಮಕ್ಕಳಿಗೆ ಜಾಗವಾಗುತ್ತದೆ. ಜುಲೈ ಕೊನೆಗೆ ಇಳಿಯುವ ಈ ಕುಟುಂಬಕ್ಕೆ ಅಂಥ ಶಾಲೆ ಸಿಕ್ಕರೆ ಮಗನ ತರಗತಿ ಆಗಲೇ ಶುರುವಾಗಿರುತ್ತದೆ. ಮಗಳ ಶಾಲೆ ಸಾಂಪ್ರದಾಯಿಕವಾಗಿದ್ದರೆ ಇಬ್ಬರ ರಜೆಗಳು ಹೆಚ್ಚಾಗಿ ಕೂಡುವುದಿಲ್ಲ, ಮೂರು ವಾರದ ರಜೆಗೆ ಚಿಕ್ಕವನನ್ನು ಹಣ ಕೊಟ್ಟು ಶಿಬಿರಕ್ಕೆ ಸೇರಿಸಬೇಕು, ಊರಿಗೆ ಬಂದು ಅಜ್ಜಿ ಮನೆಯಲ್ಲಿ ಎರಡು ತಿಂಗಳು ಇರುವ ಮಾತೂ ದೂರವಾಗುತ್ತದೆ. ಇದನ್ನು ಯಾವ ಅಂಕಪಟ್ಟಿಯೂ ಹೇಳುವುದಿಲ್ಲ. ವಿಶೇಷ ವಿಷಯಗಳ ಮ್ಯಾಗ್ನೆಟ್ ಶಾಲೆಗಳಿಗೆ ಅರ್ಜಿ ಹಾಕುವ ಮುಖ್ಯ ಅವಧಿ ಹಿಂದಿನ ಚಳಿಗಾಲದಲ್ಲೇ ಮುಗಿದಿರುವುದರಿಂದ ಅವನ್ನು ಈ ವರ್ಷದ ಲೆಕ್ಕದಿಂದ ಬಿಡಿಸಿದೆ.

ಅಂಕಗಳ ಬಗ್ಗೆ ತಂದೆಯೊಂದಿಗೆ ಬಹಳ ಹೊತ್ತು ಮಾತನಾಡಬೇಕಾಯಿತು. ಆ ರಾಜ್ಯ 2013-14ರಿಂದ ಪ್ರತಿ ಶಾಲೆಗೆ ಎ-ಯಿಂದ ಎಫ್‌-ವರೆಗೆ ದರ್ಜೆ ಕೊಡುತ್ತ ಬಂದಿದೆ. ಅದರಲ್ಲಿ ಶೇ. 80 ಭಾಗ ಮಕ್ಕಳು ಗಳಿಸಿದ ಫಲಿತಾಂಶಕ್ಕೆ, ಶೇ. 20 ಭಾಗ ಮಾತ್ರ ವರ್ಷದೊಳಗೆ ಅವರು ಕಂಡ ಬೆಳವಣಿಗೆಗೆ. ಫಲಿತಾಂಶ ಮನೆಯ ವರಮಾನವನ್ನು ಬಹುಮಟ್ಟಿಗೆ ಹಿಂಬಾಲಿಸುತ್ತದೆ. ಶೇ. 95 ಅಂಕ ಪಡೆದವರನ್ನೇ ಸೇರಿಸಿಕೊಂಡು ಶೇ. 100 ಫಲಿತಾಂಶದ ಬ್ಯಾನರ್ ಕಟ್ಟುವ ಪಿಯು ಕಾಲೇಜನ್ನು ನೀವು ಎಷ್ಟು ನಂಬುತ್ತೀರಿ ಎಂದು ಕೇಳಿದೆ. ಅವರು ನಕ್ಕರು, ಆ ದಿನ ಮೊದಲ ಬಾರಿಗೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ಅಮೆರಿಕದ ಸಾವಿರಾರು ಶಾಲಾ ಜಿಲ್ಲೆಗಳ ಪರೀಕ್ಷಾ ಫಲಿತಾಂಶಗಳನ್ನು ಪರಿಶೀಲಿಸಿ 2017ರಲ್ಲಿ ತೋರಿಸಿದ್ದು ಇದನ್ನೇ: ಮೂರನೆಯ ತರಗತಿಯ ಸರಾಸರಿ ಅಂಕಕ್ಕೂ ಅಲ್ಲಿಂದ ಎಂಟನೆಯ ತರಗತಿಯವರೆಗಿನ ಬೆಳವಣಿಗೆಗೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ. ಬಡ ಮಕ್ಕಳೇ ಹೆಚ್ಚಿರುವ ಶಿಕಾಗೊದ ಶಾಲೆಗಳಲ್ಲಿ ಮಕ್ಕಳು ಐದು ವರ್ಷಗಳಲ್ಲಿ ಸರಾಸರಿ ಆರು ವರ್ಷಗಳಷ್ಟು ಕಲಿತಿದ್ದರು. ಆದ್ದರಿಂದ ಪಟ್ಟಿಯನ್ನು ಎಸೆಯುವುದು ಬೇಡ, ಅಂಕಣ ಬದಲಿಸಿ ಎಂದೆ. ರಾಜ್ಯದ ಶಾಲಾ ವರದಿಯಲ್ಲಿ ಬೆಳವಣಿಗೆಯನ್ನು ನಿರೀಕ್ಷೆ ಮೀರಿದೆ, ಮುಟ್ಟಿದೆ, ಮುಟ್ಟಿಲ್ಲ ಎಂದು ಪ್ರತ್ಯೇಕವಾಗಿ ತೋರಿಸುತ್ತಾರೆ. ಅದನ್ನು ಮೂರು ನಾಲ್ಕು ವರ್ಷಗಳಿಗೆ ನೋಡಬೇಕು. ಶೇ. 10 ಅಥವಾ ಅದಕ್ಕಿಂತ ಹೆಚ್ಚು ಶಾಲಾ ದಿನ ಗೈರಾಗುವ ಮಕ್ಕಳ ಪ್ರಮಾಣವನ್ನೂ ಶಿಕ್ಷಕರು ಬಿಟ್ಟುಹೋಗುವ ಪ್ರಮಾಣವನ್ನೂ ಪಕ್ಕದಲ್ಲಿಡಬೇಕು. ನನ್ನನ್ನು ಕೇಳಿದರೆ ಶಿಕ್ಷಕರು ನಿಲ್ಲದ ಶಾಲೆಗೆ ಎಷ್ಟು ಅಂಕವಿದ್ದರೂ ಮಕ್ಕಳನ್ನು ಕಳುಹಿಸಲು ನಾನು ಯೋಚಿಸುತ್ತೇನೆ.

ಮಗನ ವಿಷಯದಲ್ಲಿ ನಾನು ನೇರವಾಗಿ ತಾಯಿಯ ಪರ ನಿಂತೆ. ಆಪ್ತಸಲಹೆಯಲ್ಲಿ ಹಾಗೆ ಒಂದು ಪಕ್ಷ ವಹಿಸುವುದು ರೂಢಿಯಲ್ಲ, ಆದರೆ ಇಲ್ಲಿ ಭಿನ್ನಾಭಿಪ್ರಾಯಕ್ಕಿಂತ ಮಾಹಿತಿಯ ಕೊರತೆ ದೊಡ್ಡದಾಗಿತ್ತು. 1975ರಲ್ಲಿ ಬಂದು 1990ರಿಂದ ಐಡಿಇಎ ಎಂಬ ಹೆಸರು ಪಡೆದ, ವಿಕಲತೆಯಿರುವ ಮಕ್ಕಳ ಶಿಕ್ಷಣದ ಕೇಂದ್ರ ಕಾನೂನಿನ ಪ್ರಕಾರ, ಮಗುವನ್ನು ಪರೀಕ್ಷಿಸುವಂತೆ ಪೋಷಕರು ಬರಹದಲ್ಲಿ ಕೇಳಿಕೊಂಡರೆ ಸರ್ಕಾರಿ ಶಾಲೆ ಆ ಕೋರಿಕೆಯನ್ನು ಪರಿಗಣಿಸಿ ಲಿಖಿತ ಉತ್ತರ ಕೊಡಲೇಬೇಕು. ಪರೀಕ್ಷೆ ಅಗತ್ಯವೆಂದು ಕಂಡರೆ ಅದನ್ನು ಪೋಷಕರ ಒಪ್ಪಿಗೆ ಪಡೆದು ಉಚಿತವಾಗಿ ಮಾಡಬೇಕು. ಮಗು ಅರ್ಹನೆಂದು ಕಂಡುಬಂದರೆ ಐಇಪಿ ಎಂಬ ವೈಯಕ್ತಿಕ ಶಿಕ್ಷಣ ಯೋಜನೆ ರೂಪಿಸಿ, ಶಾಲೆಯ ಸಮಯದಲ್ಲೇ ಸ್ಪೀಚ್ ಥೆರಪಿ ಒದಗಿಸಬೇಕು. ನಾರ್ತ್ ಕ್ಯಾರೊಲಿನಾದಲ್ಲಿ ಈ ಪ್ರಕ್ರಿಯೆಗೆ 90 ದಿನಗಳ ಗಡುವಿದೆ. ಉಗ್ಗು ಇದ್ದ ಮಾತ್ರಕ್ಕೆ ಸೌಲಭ್ಯ ಸಿಗುವುದಿಲ್ಲ, ಅದು ಕಲಿಕೆಗೆ ಅಡ್ಡಿಯಾಗುತ್ತಿರಬೇಕು. ಆದರೆ ತರಗತಿಯಲ್ಲಿ ಬಾಯಿ ತೆರೆಯಲಾಗದಿರುವುದನ್ನೂ ಅಡ್ಡಿ ಎಂದು ವಾದಿಸಬಹುದು, ಆದ್ದರಿಂದ ಬೆಂಗಳೂರಿನ ಥೆರಪಿಸ್ಟ್‌ರಿಂದ ಇಂಗ್ಲಿಷಿನಲ್ಲಿ ವರದಿ ಬರೆಸಿಕೊಂಡು ಹೋಗಿ ಎಂದೆ. ವಿದ್ಯಾರ್ಥಿಯ ದಾಖಲೆಗಳ ಗೌಪ್ಯತೆಗೆ 1974ರಿಂದಲೇ ಪ್ರತ್ಯೇಕ ಕಾನೂನಿದೆ. ವೀಸಾಕ್ಕೂ ಇದಕ್ಕೂ ಸಂಬಂಧವಿಲ್ಲ. ವಲಸೆಯ ಸ್ಥಿತಿಯ ಕಾರಣಕ್ಕೆ ಮಗುವಿಗೆ ಶಾಲೆ ನಿರಾಕರಿಸುವಂತಿಲ್ಲವೆಂದು ಆ ದೇಶದ ಸುಪ್ರೀಂ ಕೋರ್ಟ್ 1982ರಲ್ಲೇ ತೀರ್ಪು ಕೊಟ್ಟಿದೆ.

ಆಯ್ದ ಶಾಲೆಗಳಿಗೆ ಫೋನ್ ಮಾಡಿ ಕೇಳಬೇಕಾದ ಪ್ರಶ್ನೆಗಳನ್ನು ತಾಯಿಯೇ ಬರೆದುಕೊಂಡರು. ಸ್ಪೀಚ್ ಥೆರಪಿಸ್ಟ್ ವಾರದಲ್ಲಿ ಎಷ್ಟು ದಿನ ಶಾಲೆಯಲ್ಲಿರುತ್ತಾರೆ, ಅವರ ಕೈಕೆಳಗೆ ಎಷ್ಟು ಮಕ್ಕಳಿದ್ದಾರೆ, ಕಳೆದ ವರ್ಷ ಆ ಹುದ್ದೆ ಖಾಲಿ ಬಿದ್ದಿತ್ತೇ? ಫೋನ್ ಎತ್ತಿದವರು ಈ ಪ್ರಶ್ನೆಗಳಿಗೆ ಹೇಗೆ ಉತ್ತರಿಸುತ್ತಾರೆ ಎಂಬುದೂ ಒಂದು ಮಾಹಿತಿಯೇ. ದಾಖಲಾತಿಯ ವೇಳೆ ಮನೆಮಾತು ಯಾವುದೆಂದು ಕೇಳುವ ನಮೂನೆಯಲ್ಲಿ, ಮಗುವಿನ ಇಂಗ್ಲಿಷ್ ಮಟ್ಟದ ಪರೀಕ್ಷೆ ತಪ್ಪಿಸಲು ಎಷ್ಟೋ ಪೋಷಕರು ಇಂಗ್ಲಿಷ್ ಎಂದು ಬರೆಯುತ್ತಾರೆ. ಹಾಗೆ ಮಾಡದೆ ಕನ್ನಡವೆಂದೇ ಬರೆಯಬೇಕು, ಇಲ್ಲವಾದರೆ ಹೊಸ ಭಾಷೆಯ ತಡವರಿಕೆ ಯಾವುದು, ಉಗ್ಗು ಯಾವುದು ಎಂದು ಪರೀಕ್ಷಿಸುವವರು ಬೇರ್ಪಡಿಸಲಾರರು. ಎರಡು ಭಾಷೆ ಆಡುವುದರಿಂದ ಉಗ್ಗು ಬರುವುದಿಲ್ಲ, ಮನೆಯಲ್ಲಿ ಕನ್ನಡ ನಿಲ್ಲಿಸಬೇಕಾಗಿಲ್ಲ. ಇದನ್ನು ಕೇಳಿದಾಗ ತಾಯಿ ಕಣ್ಣು ಒರೆಸಿಕೊಂಡರು. ಸಂಬಂಧಿಕರೊಬ್ಬರ ಮಾತು ನಂಬಿ ಅವರು ಮಗನೊಂದಿಗೆ ಕೆಲವು ತಿಂಗಳಿಂದ ಇಂಗ್ಲಿಷನ್ನೇ ಆಡುತ್ತಿದ್ದರು.

ಅಲ್ಲಿ ಆಗಸ್ಟ್ 31ರೊಳಗೆ ಐದು ತುಂಬಿದವರು ಒಂದನೆಯ ತರಗತಿಗೆ ಮೊದಲಿನ ಕಿಂಡರ್‌ಗಾರ್ಟನ್‌ಗೆ ಸೇರುತ್ತಾರೆ. ಯುಕೆಜಿ ಮುಗಿಸಿದವನು ಮತ್ತೆ ಅಲ್ಲಿಗೇ ಹೋದರೆ ಒಂದು ವರ್ಷ ನಷ್ಟವೆಂಬುದು ತಂದೆಯ ಚಿಂತೆ. ತರಗತಿ ನಿರ್ಧರಿಸುವ ಅಧಿಕಾರ ಮುಖ್ಯೋಪಾಧ್ಯಾಯರದು, ಕೇಳಿ ನೋಡಬಹುದು. ಆದರೆ ಹೊಸ ದೇಶ, ಹೊಸ ಭಾಷೆ, ಜೊತೆಗೆ ಉಗ್ಗು ಇರುವ ಹುಡುಗನಿಗೆ ತನ್ನ ವಯಸ್ಸಿನವರ ಜೊತೆ ಕೂರುವುದು ನಷ್ಟವಲ್ಲವೆಂದು ನಾನು ಸ್ಪಷ್ಟವಾಗಿ ಹೇಳಿದೆ.

ಮಗಳು ನಮ್ಮೆಲ್ಲರಿಗಿಂತ ಮುಂದಿದ್ದಳು. ಒಬ್ಬಳೇ ಮಾತನಾಡಬೇಕೆಂದು ಕೇಳಿ, "ಆಂಟಿ, ಅಲ್ಲಿ ಎಂಟನೇ ಕ್ಲಾಸಲ್ಲಿ ಮ್ಯಾತ್ಸ್ ಎರಡು ಥರ ಇರತ್ತೆ, ನನ್ನನ್ನ ಯಾವುದಕ್ಕೆ ಹಾಕ್ತಾರೆ?" ಎಂದಳು. ಅವಳ ಪ್ರಶ್ನೆ ಸರಿಯಾಗಿತ್ತು. ಅಲ್ಲಿ ಎಂಟನೆಯ ತರಗತಿಯ ಮುಂದುವರಿದ ಮಕ್ಕಳು, ಒಂಬತ್ತನೆಯ ತರಗತಿಯಿಂದ ಶುರುವಾಗುವ ಅಲ್ಲಿನ ಪ್ರೌಢಶಾಲೆಯ ಮೊದಲ ಗಣಿತವಾದ ಮ್ಯಾತ್ 1 ತೆಗೆದುಕೊಳ್ಳುತ್ತಾರೆ, ಆ ಆಯ್ಕೆಯಲ್ಲಿ ರಾಜ್ಯದ ವಾರ್ಷಿಕ ಪರೀಕ್ಷೆಯ ಅಂಕಕ್ಕೆ ತೂಕವಿದೆ, ಬೆಂಗಳೂರಿನಿಂದ ಬಂದವಳಿಗೆ ಆ ಅಂಕವೇ ಇರುವುದಿಲ್ಲ. ಪಠ್ಯಕ್ರಮದ ಪ್ರತಿ, ಅಂಕಪಟ್ಟಿ, ನೋಟ್‌ಪುಸ್ತಕಗಳನ್ನು ಒಯ್ದು, ವೇಳಾಪಟ್ಟಿ ಸಿದ್ಧವಾಗುವ ಮೊದಲೇ ಪ್ರವೇಶ ಮಟ್ಟದ ಪರೀಕ್ಷೆಗೆ ಲಿಖಿತವಾಗಿ ಕೇಳಬೇಕೆಂದು ಹೇಳಿಕೊಟ್ಟೆ. ಏಳನೆಯ ತರಗತಿಯಿಂದ ಮೇಲಿನವರಿಗೆ ಅಲ್ಲಿ ಕಡ್ಡಾಯವಾಗಿರುವ ಟಿಡ್ಯಾಪ್ (ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮಿನದು) ಮತ್ತು ಮೆನಿಂಜೊಕಾಕಲ್ (ಮಿದುಳು ಪೊರೆಯ ಸೋಂಕಿನದು) ಲಸಿಕೆಗಳನ್ನು ಇಲ್ಲೇ ಹಾಕಿಸಿಕೊಳ್ಳುವುದು ಸುಲಭ.

ಮಗಳು ಅಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಇರುವುದೇ ಒಂದು ವರ್ಷ. ಮುಂದಿನ ಕಾಲೇಜು ಪ್ರವೇಶಕ್ಕೆ ಎಣಿಕೆಯಾಗುವ ಅಂಕಗಳು ಮುಖ್ಯವಾಗಿ ಒಂಬತ್ತನೆಯ ತರಗತಿಯಿಂದ ಆರಂಭವಾಗುತ್ತವೆ. ಹಾಗಾಗಿ ಮೊದಲ ವರ್ಷ ಬಾಡಿಗೆ ಮನೆಯಲ್ಲಿದ್ದು, ಪ್ರೌಢಶಾಲೆಗಳನ್ನು ಕಣ್ಣಾರೆ ನೋಡಿ, ಆಮೇಲೆ ಕೊಳ್ಳುವ ವಿಚಾರ ಮಾಡುವುದು ಸೂಕ್ತವೆಂದು ಸಲಹೆ ಕೊಟ್ಟೆ. ಮನೆ ಕೊಂಡರೆ ಶಾಲೆ ಶಾಶ್ವತವೆಂಬ ಖಾತರಿಯೂ ಅಲ್ಲಿಲ್ಲ. ಹೊಸ ಶಾಲೆ ತೆರೆದಾಗಲೆಲ್ಲ ಗಡಿಗಳು ಬದಲಾಗುತ್ತವೆ. 2000ದಲ್ಲಿ ಬಡ ಮತ್ತು ಉಳ್ಳವರ ಮಕ್ಕಳು ಒಂದೇ ಶಾಲೆಯಲ್ಲಿ ಬೆರೆಯುವಂತೆ ರೂಪಿಸಿದ ಹಂಚಿಕೆಯ ನೀತಿಯನ್ನು, 2009ರ ಚುನಾವಣೆಯ ನಂತರ ಬಂದ ಹೊಸ ಶಾಲಾ ಮಂಡಳಿ 2010ರಲ್ಲಿ ಕೈಬಿಟ್ಟಿತು. ಆ ರಾಜ್ಯದಲ್ಲಿ ಶಾಲಾ ಮಂಡಳಿಗೆ ತೆರಿಗೆ ಹಾಕುವ ಅಧಿಕಾರವೂ ಇಲ್ಲ, ಹಣಕ್ಕಾಗಿ ರಾಜ್ಯವನ್ನೂ ಕೌಂಟಿ ಕಮಿಷನರ್‌ಗಳನ್ನೂ ಕೇಳಬೇಕು. ಹೀಗಾಗಿ ಮನೆ ಕೊಳ್ಳುವ ಮೊದಲು ಒಂದು ಬಜೆಟ್ ಋತುವಿನ ಸುದ್ದಿಗಳನ್ನು ಓದಿದವರಿಗೆ ಅಂಕಪಟ್ಟಿ ನೋಡಿದವರಿಗಿಂತ ಹೆಚ್ಚು ತಿಳಿಯುತ್ತದೆ.

ಸೆಪ್ಟೆಂಬರಿನಲ್ಲಿ ವಿಡಿಯೊ ಕರೆಯಲ್ಲಿ ಮಾತನಾಡಿದೆವು. ಮೊದಲು ಮೆಚ್ಚಿದ್ದ ಅಪಾರ್ಟ್‌ಮೆಂಟಿನ ಶಾಲೆಗೆ ಮಿತಿ ಹಾಕಿದ್ದಾರೆಂದು ಇಮೇಲ್‌ನಲ್ಲಿ ಉತ್ತರ ಬಂದಿದ್ದರಿಂದ ಅದನ್ನು ಬಿಟ್ಟು, ಇಬ್ಬರು ಮಕ್ಕಳಿಗೂ ಸಾಂಪ್ರದಾಯಿಕ ಪಂಚಾಂಗದ ಶಾಲೆಗಳೇ ಸಿಗುವ ಇನ್ನೊಂದು ಕಡೆ ಬಾಡಿಗೆ ಹಿಡಿದಿದ್ದರು. ಮಗ ಕಿಂಡರ್‌ಗಾರ್ಟನ್‌ಗೆ ಸೇರಿದ್ದ. ಪರೀಕ್ಷೆಯ ಕೋರಿಕೆಯ ಪತ್ರಕ್ಕೆ ಸಹಿ ಹಾಕಿದವರು ತಂದೆ, ಶಾಲೆಯವರೊಂದಿಗೆ ಮೊದಲ ಸಭೆಯ ದಿನಾಂಕ ನಿಗದಿಯಾಗಿತ್ತು. ಮಗಳನ್ನು ಸಾಮಾನ್ಯ ಗಣಿತಕ್ಕೆ ಹಾಕಿದ್ದರು. ಮರುಪರಿಶೀಲನೆಗೆ ಬರೆದಿರುವುದಾಗಿ ಅವಳೇ ಹೇಳಿದಳು. ಮನೆ ಕೊಳ್ಳುವ ವಿಷಯದಲ್ಲಿ ದಂಪತಿಗೆ ಇನ್ನೂ ಒಮ್ಮತವಿಲ್ಲ. ಬೆಂಗಳೂರಿನ ಫ್ಲಾಟನ್ನು ಸದ್ಯಕ್ಕೆ ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಕೊಟ್ಟಿದ್ದಾರೆ.