ನದಿಯಂಚಿನ ರಸ್ತೆಯಲ್ಲಿ ಇಷ್ಟೊಂದು ಏರೇಕೆ?

ಪ್ರಶ್ನೆ: ನಾನು ಕುಶಾಲನಗರದವನು, ವಯಸ್ಸು ನಲವತ್ತನಾಲ್ಕು. ಪಿರಿಯಾಪಟ್ಟಣದವರೆಗೆ ರೋಡ್ ಸೈಕಲ್‌ನಲ್ಲಿ ಹೋಗಿ ಬರುವುದು ನನಗೆ ಕಷ್ಟವಲ್ಲ. ಬೆಟ್ಟದ ರಸ್ತೆ ಬೇಡ, ನದಿ ಪಕ್ಕದ ರಸ್ತೆ ಸಮತಟ್ಟಾಗಿರುತ್ತದೆ ಎಂದುಕೊಂಡು ಭಾಗಮಂಡಲದಿಂದ ನಾಪೋಕ್ಲು, ಮೂರ್ನಾಡು, ಬೇತ್ರಿ ದಾರಿಯಾಗಿ ವಿರಾಜಪೇಟೆಗೆ ಹೊರಟೆ. ಅರ್ಧ ದಾರಿಯಲ್ಲೇ ತೊಡೆಗಳು ಸೋತು ಹೋದವು. ನನ್ನಲ್ಲಿ ಶಕ್ತಿ ಸಾಲದೋ, ಸೈಕಲ್ ಸರಿಯಿಲ್ಲವೋ? ಮುಂದೆ 39 ಮತ್ತು 53 ಹಲ್ಲುಗಳ ಚಕ್ರಗಳಿವೆ, ಹಿಂದೆ ಅತಿ ದೊಡ್ಡ ಚಕ್ರದಲ್ಲಿ 25 ಹಲ್ಲುಗಳಿವೆ.

ಉತ್ತರ: ತಪ್ಪಿರುವುದು ನಿಮ್ಮ ಶಕ್ತಿಯಲ್ಲಲ್ಲ, ದಾರಿಯ ಅಂದಾಜಿನಲ್ಲಿ, ಅದರ ನಂತರದ ಪಾಲು ಗೇರಿನದು.

ನಕಾಶೆಯಲ್ಲಿ ನೋಡಿದರೆ ಈ ರಸ್ತೆ ಕಾವೇರಿಯ ಜೊತೆಯಲ್ಲೇ ಸಾಗುವಂತೆ ಕಾಣುತ್ತದೆ. ಭಾಗಮಂಡಲ ಬಿಟ್ಟ ಮೇಲೆ ನದಿ ಕೊಡಗಿನೊಳಗೆ ಇಳಿಯುವುದು ಬಹಳ ನಿಧಾನ ಎಂಬುದೂ ನಿಜವೇ. ಆದರೆ ನದಿ ಹಾಗೆ ಮೆಲ್ಲಗೆ ಹರಿಯುವುದರಿಂದಲೇ ಮಳೆಗಾಲದಲ್ಲಿ ಅದು ಗದ್ದೆ ಬಯಲಿನ ತುಂಬ ಹರಡಿಕೊಳ್ಳುತ್ತದೆ. ಭಾಗಮಂಡಲ–ನಾಪೋಕ್ಲು ರಸ್ತೆ ಜಲಾವೃತವಾಯಿತು ಎಂಬ ಸುದ್ದಿ ಹೆಚ್ಚುಕಡಿಮೆ ಪ್ರತಿ ಮಳೆಗಾಲದಲ್ಲೂ ಬರುತ್ತದೆ. ಹೀಗಾಗಿ ಹಳೆಯ ಮನೆಗಳಂತೆ ರಸ್ತೆಗಳೂ ಸಾಧ್ಯವಾದಲ್ಲೆಲ್ಲ ಗದ್ದೆಯನ್ನು ಬಿಟ್ಟು ಅದರ ಮೇಲಿನ ಬಾಣೆಯ ಅಂಚನ್ನು, ಅಂದರೆ ಈಗ ಕಾಫಿ ತೋಟಗಳಾಗಿರುವ ಇಳಿಜಾರನ್ನು, ಹಿಡಿದು ಸಾಗಿವೆ. ಆ ಇಳಿಜಾರು ಒಂದೇ ಸಮನಾಗಿಲ್ಲ. ತಡಿಯಂಡಮೋಳ್ ಕಡೆಯಿಂದ ಬರುವ ಕಕ್ಕಬ್ಬೆ ಹೊಳೆಯಿಂದ ಹಿಡಿದು ಹೆಸರಿಲ್ಲದ ಸಣ್ಣ ತೋಡುಗಳವರೆಗೆ ಹತ್ತಾರು ನೀರಿನ ದಾರಿಗಳು ಅದನ್ನು ಅಡ್ಡಡ್ಡವಾಗಿ ಕೊರೆದು ಕಾವೇರಿಯನ್ನು ಸೇರುತ್ತವೆ. ಪ್ರತಿಯೊಂದಕ್ಕೂ ರಸ್ತೆ ಒಮ್ಮೆ ಇಳಿಯಬೇಕು, ಮೋರಿ ದಾಟಬೇಕು, ಮತ್ತೆ ಏರಬೇಕು.

ಈಗ ಲೆಕ್ಕ ನೋಡಿ. ಎರಡು ಕಿಲೋಮೀಟರಿಗೊಮ್ಮೆ ಕೇವಲ 25 ಮೀಟರ್ ಇಳಿದು ಏರುವ ರಸ್ತೆಯಲ್ಲಿ 40 ಕಿಲೋಮೀಟರ್ ಹೋದರೆ ನೀವು ಒಟ್ಟು 500 ಮೀಟರ್ ಏರಿರುತ್ತೀರಿ. ಎಲ್ಲರೂ ಹೆದರುವ ಭಾಗಮಂಡಲ–ತಲಕಾವೇರಿ ಏರು 8 ಕಿಲೋಮೀಟರ್ ಉದ್ದದ್ದು. 1,276 ಮೀಟರ್ ಎತ್ತರದ ತಲಕಾವೇರಿ ತಲುಪಲು ಅಲ್ಲಿ ಏರಬೇಕಾದದ್ದು ಸುಮಾರು 400 ಮೀಟರ್ ಮಾತ್ರ, ಅಂದರೆ ಸರಾಸರಿ ಶೇಕಡಾ 5ರಷ್ಟು. ಬೆಟ್ಟವನ್ನು ತಪ್ಪಿಸಿ ಬಯಲಿಗೆ ಹೋದವರು ಬೆಟ್ಟಕ್ಕಿಂತ ಹೆಚ್ಚು ಏರಿ ಬರುವುದು ಹೀಗೆ.

ಇಳಿದದ್ದರ ವೇಗದಲ್ಲೇ ಮುಂದಿನ ಏರನ್ನು ದಾಟಬಹುದಲ್ಲವೇ ಎಂದು ನೀವು ಕೇಳಬಹುದು. ತೆರೆದ ಹೆದ್ದಾರಿಯಲ್ಲಿ ಸ್ವಲ್ಪ ಮಟ್ಟಿಗೆ ಅದು ಸಾಧ್ಯ. ನಮ್ಮ ಒಳರಸ್ತೆಗಳಲ್ಲಿ ಇಳಿಜಾರಿನ ತಳದಲ್ಲಿ ಬಹುತೇಕ ಒಂದು ತಿರುವು, ಒಂದು ಕಿರಿದಾದ ಸೇತುವೆ, ಎದುರಿಗೊಂದು ಜೀಪು ಇರುವುದರಿಂದ ಗಳಿಸಿದ ವೇಗವನ್ನೆಲ್ಲ ಬ್ರೇಕಿಗೆ ಕೊಟ್ಟು, ಏರಿನ ಬುಡದಿಂದ ಹೊಸದಾಗಿ ಆರಂಭಿಸಬೇಕಾಗುತ್ತದೆ. ಉದ್ದನೆಯ ಏರಿನಲ್ಲಿ ದೇಹ ಒಂದು ಲಯಕ್ಕೆ ಬರುತ್ತದೆ. ಇಲ್ಲಿ ಮೂರು ನಿಮಿಷಕ್ಕೊಮ್ಮೆ ಲಯ ಮುರಿಯುತ್ತದೆ. ಸವಾರರು ಪ್ರತಿ ಸಣ್ಣ ದಿಬ್ಬವನ್ನೂ ಸೀಟಿನಿಂದೆದ್ದು ಒಂದೇ ಉಸಿರಿಗೆ ತುಳಿದು ದಾಟಲು ನೋಡುತ್ತಾರೆ. ಹತ್ತು ದಿಬ್ಬಗಳವರೆಗೆ ಅದು ನಡೆಯುತ್ತದೆ, ಹನ್ನೊಂದನೆಯದು ನಿಮ್ಮನ್ನು ನಿಲ್ಲಿಸುತ್ತದೆ. ಎರಡು ಮಾತು ಆಡಲು ಉಸಿರು ಉಳಿಯುವಷ್ಟು ನಿಧಾನವಾಗಿ ಮೊದಲ ದಿಬ್ಬವನ್ನು ಏರಿದರೆ ಕೊನೆಯದನ್ನೂ ಹಾಗೆಯೇ ಏರಬಹುದು.

ಇನ್ನು ಗೇರು. ರೋಡ್ ಸೈಕಲ್ಲಿನ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ನಿಮ್ಮ 39–25ರಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 3.3 ಮೀಟರ್ ಮುಂದೆ ಹೋಗುತ್ತದೆ. ಕಡಿದಾದ ಏರಿನಲ್ಲಿ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ನಿಮಿಷಕ್ಕೆ 40 ಸುತ್ತು ಮಾತ್ರ ತುಳಿದಂತಾಯಿತು. ಪ್ರತಿ ತುಳಿತವೂ ಮೆಟ್ಟಿ ಒತ್ತಿದಂತೆ, ಭಾರವೆಲ್ಲ ತೊಡೆ ಮತ್ತು ಮಂಡಿಯ ಮೇಲೆ. ಮುಂದೆ 34, ಹಿಂದೆ 34 ಹಲ್ಲುಗಳಿದ್ದರೆ ಅದೇ ವೇಗಕ್ಕೆ ನಿಮಿಷಕ್ಕೆ 63 ಸುತ್ತು ಬರುತ್ತದೆ. ಒಟ್ಟು ಕೆಲಸ ಕಡಿಮೆಯಾಗುವುದಿಲ್ಲ, ಆದರೆ ಅದು ಸಣ್ಣ ಸಣ್ಣ ತುಳಿತಗಳಲ್ಲಿ ಹಂಚಿಹೋಗುತ್ತದೆ. ಹಿಂದಿನ ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಗೊಂಚಲು, ದೊಡ್ಡದಾದರೆ ಉದ್ದ ತೋಳಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಮತ್ತು ಹೊಸ ಚೈನ್ ಕೂಡ ಬೇಕಾಗಬಹುದು ಎಂಬುದನ್ನು ಖರ್ಚಿನಲ್ಲಿ ಸೇರಿಸಿಕೊಳ್ಳಿ. ಅದೇ ಹಣಕ್ಕೆ ಹಗುರವಾದ ಚಕ್ರ ಕೊಳ್ಳುವಂತೆ ಯಾರಾದರೂ ಹೇಳಿದರೆ ಕೇಳಬೇಡಿ. ಸವಾರ ಮತ್ತು ಸೈಕಲ್ ಸೇರಿ 85 ಕಿಲೋ ಇರುವಲ್ಲಿ ಒಂದು ಕಿಲೋ ಇಳಿಸಿದರೆ ಏರಿನಲ್ಲಿ ಸಿಗುವ ಲಾಭ ಶೇಕಡಾ ಒಂದಕ್ಕಿಂತ ತುಸು ಹೆಚ್ಚು, ಅಷ್ಟೆ.

ದಾರಿಯನ್ನು ಆರಿಸುವಾಗ ಇನ್ನು ಮುಂದೆ ಕಿಲೋಮೀಟರಿನ ಜೊತೆಗೆ ಒಟ್ಟು ಏರಿಕೆಯನ್ನೂ ನೋಡಿ. ಮೊಬೈಲಿನ ಸೈಕ್ಲಿಂಗ್ ಆ್ಯಪ್‌ಗಳು ಅದನ್ನು ತೋರಿಸುತ್ತವೆ. ಹಸಿವಾಗುವ ಮೊದಲೇ ತಿನ್ನುವುದನ್ನೂ ಮರೆಯಬೇಡಿ. ಗಂಟೆಗೆ ಒಂದೆರಡು ಬಾಳೆಹಣ್ಣು ಸಾಕು, ಹೋಟೆಲಿನ ಪಂದಿಕರಿ ಊರು ತಲುಪಿದ ಮೇಲಿರಲಿ.

ಪ್ರಶ್ನೆ: ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ವೇಗ ಹೆಚ್ಚದಂತೆ ಉದ್ದಕ್ಕೂ ಹಿಂದಿನ ಬ್ರೇಕನ್ನು ಹಿಡಿದೇ ಇದ್ದೆ. ಸುಟ್ಟ ವಾಸನೆ ಬಂತು, ಸ್ವಲ್ಪ ಹೊತ್ತಿಗೆ ಹಿಂದಿನ ಟ್ಯೂಬ್ ಸಿಡಿಯಿತು. ಇಷ್ಟು ಜಾಗ್ರತೆಯಿಂದ ಇಳಿದರೂ ಹೀಗೇಕಾಯಿತು? — ಕಾಲೇಜು ವಿದ್ಯಾರ್ಥಿ, ಮಡಿಕೇರಿ

ಉತ್ತರ: ಬಿಡದೆ ಹಿಡಿದದ್ದರಿಂದಲೇ ಆಯಿತು. ಮಡಿಕೇರಿಯಿಂದ ಸಂಪಾಜೆಗೆ ಸುಮಾರು ಸಾವಿರ ಮೀಟರ್ ಇಳಿತವಿದೆ. 85 ಕಿಲೋ ಭಾರ ಅಷ್ಟು ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಎರಡು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಲು ಸಾಕು. ವೇಗವಾಗಿ ಹೋದಾಗ ಅದರ ದೊಡ್ಡ ಪಾಲನ್ನು ಎದುರುಗಾಳಿ ಹೀರಿಕೊಳ್ಳುತ್ತದೆ. ನೀವು ಗಂಟೆಗೆ 20 ಕಿಲೋಮೀಟರಿನಲ್ಲಿ ಹಿಡಿದಿಟ್ಟುಕೊಂಡು ಬಂದದ್ದರಿಂದ ಗಾಳಿಗೆ ಸಿಕ್ಕಿದ್ದು ಅಲ್ಪ; ಉಳಿದ ಬಿಸಿಯೆಲ್ಲ ಒಂದೇ ರಿಮ್ಮಿಗೆ ಹೋಯಿತು, ಅಲ್ಲಿಂದ ಟ್ಯೂಬಿಗೆ.

ಹೀಗೆ ಮಾಡಿ: ನೇರ ದಾರಿಯಲ್ಲಿ ಬ್ರೇಕ್ ಬಿಡಿ, ತಿರುವು ಬರುವ ಮೊದಲೇ ಎರಡೂ ಬ್ರೇಕುಗಳನ್ನು ಸೇರಿಸಿ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಮತ್ತೆ ಬಿಡಿ. ಬಿಟ್ಟ ಹೊತ್ತಿನಲ್ಲಿ ರಿಮ್ ಆರುತ್ತದೆ. ಮುಂದಿನ ಬ್ರೇಕ್ ಹಿಡಿದರೆ ಮಗುಚಿ ಬೀಳುತ್ತೇವೆ ಎಂಬ ಭಯ ನಮ್ಮಲ್ಲಿ ಬಾಲ್ಯದಿಂದಲೂ ಕೂತಿದೆ. ವೇಗ ತಗ್ಗುವಾಗ ಭಾರ ಮುಂದಿನ ಚಕ್ರಕ್ಕೆ ವಾಲುವುದರಿಂದ ನಿಜವಾಗಿ ಸೈಕಲನ್ನು ನಿಲ್ಲಿಸುವುದು ಅದೇ ಬ್ರೇಕು. ಸೊಂಟವನ್ನು ಸೀಟಿನ ಹಿಂಬದಿಗೆ ಸರಿಸಿ, ಒಣ ರಸ್ತೆಯಲ್ಲಿ ಹಂತಹಂತವಾಗಿ ಅಭ್ಯಾಸ ಮಾಡಿಕೊಳ್ಳಿ. ಅದೂ ಸಾಕಾಗದೆ ಬಿಸಿಯ ಅನುಮಾನ ಬಂದರೆ ನಿಂತು ಐದು ನಿಮಿಷ ಆರಲು ಬಿಡಿ. ರಿಮ್ಮನ್ನು ಮುಟ್ಟಿ ಮಾತ್ರ ನೋಡಬೇಡಿ.

ಮನೆಗೆ ಬಂದ ಮೇಲೆ ಚಕ್ರ ಬಿಚ್ಚಿ ಬ್ರೇಕ್ ಪ್ಯಾಡ್‌ಗಳನ್ನು ಬೆಳಕಿಗೆ ಹಿಡಿಯಿರಿ. ಕಪ್ಪು ರಬ್ಬರಿನ ಮೇಲೆ ಸೂಜಿಮೊನೆಯಷ್ಟು ಹೊಳೆಯುವ ಚುಕ್ಕೆಗಳು ಕಂಡರೆ ಅವು ರಿಮ್ಮಿನಿಂದಲೇ ಕಿತ್ತು ಬಂದ ಅಲ್ಯೂಮಿನಿಯಂ ಚೂರುಗಳು. ಅವನ್ನು ಸೂಜಿಯಿಂದ ಒಂದೊಂದಾಗಿ ಎಬ್ಬಿಸಿ ತೆಗೆಯದಿದ್ದರೆ ಮುಂದಿನ ಇಳಿತದಲ್ಲಿ ಅವೇ ರಿಮ್ಮನ್ನು ಕೆರೆಯುತ್ತವೆ. ರಿಮ್ಮಿನ ಪಕ್ಕೆಗೆ ಬೆರಳಾಡಿಸಿದಾಗ ಒಳಕ್ಕೆ ತಗ್ಗಿದಂತೆ ತೋರಿದರೆ ಆ ರಿಮ್ ಬದಲಾಯಿಸುವ ಕಾಲ ಬಂದಿದೆ.

ಈ ಹೆದ್ದಾರಿಯ ಬಗ್ಗೆಯೂ ಒಂದು ಮಾತು. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲ ಭಾಗದಲ್ಲಿ ಗುಡ್ಡ ಕುಸಿದ ರಸ್ತೆ ಇದು. ಬಸ್ಸು ಲಾರಿಗಳ ಓಡಾಟವೂ ಹೆಚ್ಚು. ಬೆಳಿಗ್ಗೆ ಬೇಗ ಇಳಿಯುವುದು ಒಳ್ಳೆಯದು, ಆದರೆ ಮಂಜು ಕರಗುವ ಮೊದಲಲ್ಲ. ಮಂಜಿದ್ದರೆ ಹಿಂದೆ ಕೆಂಪು ದೀಪ ಉರಿಯುತ್ತಿರಲೇಬೇಕು.

ಪ್ರಶ್ನೆ: ಯಾವ ತಿಂಗಳುಗಳಲ್ಲಿ ಸೈಕಲ್ ಹೊಡೆಯುವುದು ಕ್ಷೇಮ? ಆನೆಗಳ ಭಯವೂ ಇದೆ. — ಗೃಹಿಣಿ, ಸಿದ್ದಾಪುರ

ಉತ್ತರ: ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ದಿನಗಳಲ್ಲಿ ಭಾಗಮಂಡಲದ ಕಡೆ ವಾಹನಗಳ ಸಾಲು ಇರುತ್ತದೆ, ಆಗ ಅತ್ತ ಬೇಡ. ಮಳೆ ನಿಂತ ಮೇಲೂ ಮರದ ನೆರಳಿನ ಡಾಂಬರಿನ ಅಂಚಿನಲ್ಲಿ ಪಾಚಿ ವಾರಗಟ್ಟಲೆ ಉಳಿಯುವುದರಿಂದ ತಿರುವುಗಳಲ್ಲಿ ಅಂಚಿಗೆ ಹೋಗಬೇಡಿ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಕೆಲಸದವರನ್ನು ತುಂಬಿಕೊಂಡ ಜೀಪುಗಳು ಬೆಳಿಗ್ಗೆ ಮತ್ತು ಸಂಜೆ ಒಳರಸ್ತೆಗಳಲ್ಲಿ ಓಡುತ್ತವೆ ಎಂಬುದು ನಿಮಗೆ ಗೊತ್ತೇ ಇದೆ.

ಆನೆಯ ವಿಷಯದಲ್ಲಿ ನಿಮ್ಮ ಭಯ ಸರಿಯಾದದ್ದು. ಸೈಕಲ್ಲಿಗೆ ಸದ್ದಿಲ್ಲ, ತಿರುವಿನಲ್ಲಿ ನೀವು ಆನೆಯನ್ನು ನೋಡುವಷ್ಟರಲ್ಲಿ ಅದೂ ನಿಮ್ಮನ್ನು ಅದೇ ಕ್ಷಣ ನೋಡಿ ಬೆಚ್ಚಿರುತ್ತದೆ. ಸಿದ್ದಾಪುರ, ತಿತಿಮತಿ, ಬಾಳೆಲೆ ಕಡೆಯ ತೋಟದ ರಸ್ತೆಗಳಲ್ಲಿ ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಟು, ಸಂಜೆ ಐದರೊಳಗೆ ಮನೆ ಸೇರಿ. ಮುರಿದ ಬೇಲಿ, ರಸ್ತೆಯಲ್ಲಿ ಹಸಿ ಲದ್ದಿ ಕಂಡರೆ ಅಲ್ಲೇ ತಿರುಗಿ. ಆನೆ ಎದುರಾದರೆ ಪಕ್ಕದಿಂದ ನುಸುಳಿ ಹೋಗುವ ಯೋಚನೆ ಬೇಡವೇ ಬೇಡ, ಏರಿನಲ್ಲಂತೂ ಗಂಟೆಗೆ 8 ಕಿಲೋಮೀಟರಿನ ಸೈಕಲ್ ಅದರಿಂದ ತಪ್ಪಿಸಿಕೊಳ್ಳಲಾರದು. ಹೊರಡುವ ಮೊದಲು ಆ ದಾರಿಯ ತೋಟದವರಿಗೆ ಒಂದು ಫೋನ್ ಮಾಡಿ. ರಾತ್ರಿ ಆನೆ ಯಾವ ಕಡೆ ದಾಟಿತು ಎಂಬುದು ಅವರಿಗೆ ಬೆಳಗಿನ ಕಾಫಿಯ ಹೊತ್ತಿಗೆ ತಿಳಿದಿರುತ್ತದೆ.