ಕೋಳಿ ಅಂಗಡಿ ವೇಸ್ಟ್: ಡ್ರಮ್ಮಿನ್ಯಾಗ ಕುದಿಸಿದ್ರ ಪುಕ್ಕ ಮೇವಾಗೂದಿಲ್ಲ

ಹಾವೇರಿ ಅಣ್ಣಾರ, ದಿನಾ 200 ಕೆಜಿ ಪುಕ್ಕ, ತೊಗಲು, ಕರುಳು ಸಿಗತೈತಿ, ಡ್ರಮ್ಮಿನ್ಯಾಗ ಕುದಿಸಿ ಪುಡಿ ಮಾಡಿ ಕೋಳಿ, ಮೀನಿನ ಮೇವಿಗೆ ಮಾರಬಹುದೇನು ಅಂತ ಕೇಳೀರಿ. ಪುಕ್ಕದ ಮಟ್ಟಿಗೆ ಬ್ಯಾಡ್ರಿ.

ಪುಕ್ಕ ಅಂದ್ರ ಕೆರಾಟಿನ್, ನಮ್ಮ ಕೂದಲು ಉಗುರಿನ್ಯಾಗ ಇರೋ ಗಟ್ಟಿ ಪ್ರೋಟೀನ್. ಅದರಾಗಿನ ಗಂಧಕದ ಕೊಂಡಿ ಬರೀ ಕುದಿಯೋ ನೀರಿಗೆ ಬಿಚ್ಚೂದಿಲ್ಲ. ಮುಚ್ಚಿದ ಕುಕ್ಕರಿನ್ಯಾಗ 2-3 ಬಾರ್ ಸ್ಟೀಮ್ ಒತ್ತಡ ಬೇಕು, 30ರಿಂದ 60 ನಿಮಿಷ, ಒಳಗ ಪ್ಯಾಡಲ್ ತಿರಗತಾ ಇರಬೇಕು. ಸರಿ ಬೆಂದು ಒಣಗಿದ ಪುಕ್ಕದ ದಂಟು ಬೆರಳಾಗ ತಿಕ್ಕಿದ್ರ ಪುಡಿ ಆಗತೈತಿ. ಬಾಗಿ ಮತ್ತ ನೆಟ್ಟಗಾತು ಅಂದ್ರ ಬೆಂದಿಲ್ಲ. ಲ್ಯಾಬ್ ರಿಪೋರ್ಟಿಗೆ ಮೋಸ ಹೋಗಬ್ಯಾಡ್ರಿ: ಹಸಿ ಪುಕ್ಕಕ್ಕೂ ಪ್ರೋಟೀನ್ 80%ಕ್ಕಿಂತ ಹೆಚ್ಚು ಬರತೈತಿ, ಅಲ್ಲಿ ಅಳಿಯೂದು ನೈಟ್ರೋಜನ್ ಅಷ್ಟ. ಪೆಪ್ಸಿನ್ ಡೈಜೆಸ್ಟಿಬಿಲಿಟಿ, ಅಂದ್ರ ಹೊಟ್ಯಾಗಿನ ಜೀರ್ಣರಸಕ್ಕ ಪ್ರೋಟೀನ್ ಎಷ್ಟು ಕರಗತೈತಿ ಅನ್ನೂ ಪರೀಕ್ಷೆ, ಮಾಡಸ್ರಿ, 75% ದಾಟಬೇಕು. ದಾಟಿದ್ರೂ ಕೋಳಿ ಬೆಳೀಲಿಕ್ಕ ಬೇಕಾದ ಲೈಸಿನ್, ಮೆಥಿಯೋನಿನ್ ಅನ್ನೂ ಅಮೈನೋ ಆಮ್ಲ ಕಮ್ಮಿ, ಬ್ರಾಯ್ಲರ್ ಮೇವಿನ್ಯಾಗ 2-3%ರ ಮ್ಯಾಲೆ ಹಾಕೂದು ಲುಕ್ಸಾನು. ಮತ್ತ ಪ್ರೆಶರ್ ಪಾತ್ರೆ ಗ್ಯಾರೇಜಿನ್ಯಾಗ ವೆಲ್ಡಿಂಗ್ ಮಾಡಿಸೂ ವಿಚಾರ ಇದ್ರ ಇವತ್ತ ಬಿಡ್ರಿ.

ಕರುಳು-ತೊಗಲಿನ ಲೆಕ್ಕ ಬ್ಯಾರೆ. ಇದ್ರಾಗ ನೀರ 65%ರ ಸುಮಾರು. 100 ಕೆಜಿಗೆ 65 ಲೀಟರ್ ನೀರ ಆವಿ ಮಾಡಬೇಕು. ತೆರೆದ ಒಲಿಗೆ 40 ಕೆಜಿ ಕಟಗಿ ಸಾಲೂದಿಲ್ಲ. ಕೈಗೆ ಬರೂದು ಎಲ್ಲಾ ಸೇರಿ ಮೂವತ್ತು ಚಿಲ್ಲರ ಕೆಜಿ, ಅದ್ರಾಗ ಎಣ್ಣಿನೂ ಬಂತು. ನಮ್ಮ ಕಡೆ ಅಂಗಡ್ಯಾಗ ಪುಕ್ಕ ತೊಗಲು ಕೂಡೇ ಸುಲೀತಾರ, ಹಿಂಗಾಗಿ ಕೊಬ್ಬು ಜಾಸ್ತಿ. ಪ್ರೆಸ್ ಮಾಡಿ ತಗೀಲಿಲ್ಲಂದ್ರ ಪುಡಿ ಕಮಟ ಹಿಡೀತೈತಿ. ತೇವ 10% ದಾಟಿದ್ರ ಬೂಷ್ಟು.

ಎಲ್ಲಾಕ್ಕಿಂತ ಕಾಡೂದು ಕ್ಯಾರಿಬ್ಯಾಗ್. ಅಂಗಡಿಯವ್ರು ವೇಸ್ಟ್ ಕವರಿನ್ಯಾಗ ಕಟ್ಟಿ ಒಗೀತಾರ. ಅದು ಕರಗಿ ಎಣ್ಯಾಗ ಕೂಡಿ ಜಾಲರಿ ಕಟ್ಟತೈತಿ, ಪುಡಿಯೊಳಗೂ ಉಳೀತೈತಿ. ಮುಚ್ಚಳ ಇರೋ ಬ್ಯಾರಲ್ ನೀವ ಕೊಟ್ಟು, ಕಡಿದ ನಾಕೈದು ತಾಸಿನ್ಯಾಗ ಎತ್ತಬೇಕು. ಬ್ಯಾಸಗ್ಯಾಗ ಸಂಜಿ ಮಟ ಬಿಟ್ರ ಎಣ್ಣಿ ಹುಳಿಯಾಗಿ, ಅದನ್ನ ಕೊಳ್ಳೋ ಸಾಬೂನಿನವ್ರು ರೇಟ್ ಇಳಸ್ತಾರ. ಹಸಿ ಮಾಲಿಗೆ ಹಾಕಿದ ಸಲಿಕಿ ಬೆಂದ ಪುಡಿಗೆ ತಾಗಿಸಬ್ಯಾಡ್ರಿ. ಕುಕ್ಕರಿನ್ಯಾಗ ಸತ್ತ ಸಾಲ್ಮೊನೆಲ್ಲಾ ಅನ್ನೂ ರೋಗಾಣು ಅಲ್ಲಿಂದನ ತಿರುಗಿ ಬರೂದು.

200 ಕೆಜಿಗೆ ನಾ ಹೇಳೂದು ಕಾಂಪೋಸ್ಟ್. ಗೋವಿನಜೋಳದ ರವದಿ, ಕೊಚ್ಚಿದ ಹತ್ತಿ ಕಟಗಿ ತಳಕ್ಕ ಒಂದ ಅಡಿ, ಮ್ಯಾಲೆ ಅರ್ಧ ಅಡಿ ವೇಸ್ಟ್, ಮತ್ತ ಒಂದ ಅಡಿ ರವದಿ, ಹಿಂಗ ಏರಸ್ರಿ. ಹಿಂಡಿದ್ರ ಕೈ ಒದ್ದಿ ಆಗಬೇಕು, ನೀರ ಹನಿಬಾರದು. ಒಳಗ 55-65 ಡಿಗ್ರಿ ಏರತೈತಿ. ಏರದಿದ್ರ ಒಂದೋ ಒಣಗೇತಿ, ಇಲ್ಲಾ ತೀರ ಹಸಿ ಆಗಿ ಗಾಳಿ ಆಡವಲ್ದು. ಮೂರ ವಾರಕ್ಕ ತಿರುವಿ ಹಾಕ್ರಿ. ಸುತ್ತ ಜಾಲಿ ಕಟ್ರಿ, ನಾಯಿ ಬಿಡೂದಿಲ್ಲ. ಪುಕ್ಕ ಎಲ್ಲಾದಕ್ಕೂ ಕಡೀಕ ಕೊಳೀತೈತಿ, ಕಾಣಸ್ತಾವು ಅಂತ ಗಾಬರಿ ಆಗಬ್ಯಾಡ್ರಿ. ದನ ಆ ಕಡೆ ಹಾಯಬಾರದು, ಪುಡಿ ಮಾಡಿದ್ರೂ ದನಕ್ಕ ಹಾಕಬಾರದು.

ಕುಕ್ಕರನ ಹಾಕ್ತೀನಿ ಅಂದ್ರ ದಿನಕ್ಕ ಒಂದ ಟನ್ನಾದ್ರೂ ಮಾಲ್ ಖಾತ್ರಿ ಮಾಡ್ಕೊಂಡು, ಆವಿ ತಣ್ಣಗ ಮಾಡಿ ನೀರಾಗಿಸೋ ಕಂಡೆನ್ಸರ್ ಹಿಡಿದು, ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿಗಿ ಮೊದಲ ತಗೋರಿ. ವಾಸನಿ ಒಮ್ಮೆ ಊರಿಗೆ ಬಡೀತಂದ್ರ ಮುಂದ ಕಾಗದ ಸಿಗೂದು ಕಷ್ಟ.